ಹಸಿರು ಬೀರುವಿನ ಗಡಗಡ ಸದ್ದು

ಆದೋನಿಯ ಬಜಾರಿನಲ್ಲಿ ಗಿರಾಕಿಯ ನೆರಳು ಬಿದ್ದರೆ ಸಾಕು, ಅಂಗಡಿಯವರು ಎದ್ದು ಬರುತ್ತಾರೆ. ಬಟ್ಟೆ ಅಂಗಡಿಯವನು ಕುರ್ಚಿ ಎಳೆಯುತ್ತಾನೆ, ಪಾತ್ರೆ ಅಂಗಡಿಯವನು ಚಹಾ ತರಿಸುತ್ತಾನೆ, ಚಪ್ಪಲಿ ಅಂಗಡಿಯವನಂತೂ ಗಿರಾಕಿಯ ಕಾಲನ್ನು ತನ್ನ ತೊಡೆಯ ಮೇಲೇ ಇಟ್ಟುಕೊಳ್ಳುತ್ತಾನೆ. ಗಿರಾಕಿಯನ್ನು ಕಂಡರೆ ಮುಖ ಸಿಂಡರಿಸುವ ಅಂಗಡಿ ಆ ಊರಿನಲ್ಲಿ ಇದ್ದದ್ದು ಒಂದೇ, ಅದು ದಸ್ತಗಿರಿಯ ಹಳೆ ಸಾಮಾನಿನ ಅಂಗಡಿ. ನಮ್ಮ ಸಿದ್ದಲಿಂಗೇಶ್ ಹೋಗಿ ಹೋಗಿ ಅಲ್ಲಿಗೇ ಹೋದ.

ಸಿದ್ದಲಿಂಗೇಶ್ ಹತ್ತಿ ಮಿಲ್ಲೊಂದರಲ್ಲಿ ತೂಕದ ಗುಮಾಸ್ತ. ಗಾಡಿ ಗೇಟಿನೊಳಗೆ ತಿರುಗುವಾಗಲೇ ತೂಕ ಹೆಚ್ಚಲೆಂದು ಹತ್ತಿಗೆ ಎಷ್ಟು ನೀರು ಚಿಮುಕಿಸಿದ್ದಾರೆ ಎಂದು ಹೇಳಬಲ್ಲೆ ಎಂಬುದು ಅವನ ಹೆಮ್ಮೆ. (ಹೇಳುತ್ತಿದ್ದ. ಆಮೇಲೆ ಯಂತ್ರದಲ್ಲಿ ಪರೀಕ್ಷಿಸಿದಾಗ ಬೇರೆಯೇ ಬರುತ್ತಿತ್ತು, ಅದು ಯಂತ್ರದ ತಪ್ಪು.) ಅವನಿಗಿದ್ದ ಇನ್ನೊಂದು ಗುಣ ಕುತೂಹಲ. ಬೀದಿಯಲ್ಲಿ ನಾಲ್ಕು ಜನ ಬಗ್ಗಿ ನಿಂತಿದ್ದರೆ ಇವನು ಐದನೆಯವನಾಗಿ ಬಗ್ಗಲೇಬೇಕು. ಆದರೆ ಅದನ್ನು ಕುತೂಹಲ ಎನ್ನುವಂತಿರಲಿಲ್ಲ. ಹೆಂಗಸರದ್ದು ಕುತೂಹಲ, ತನ್ನದು ವಿಚಾರಣೆ.

ಇವನ ಬಾಳಿನ ಪರಮಸುಖವೆಂದರೆ ಭಾನುವಾರದ ಬಜಾರು. ಮನೆಯ ಖರೀದಿಯೆಲ್ಲ ಅವನದೇ ಅಧಿಕಾರ. ಬೆಳಿಗ್ಗೆ ಚೀಲ ಹಿಡಿದು ಹೊರಟರೆ ಮಧ್ಯಾಹ್ನ ಮೂರಕ್ಕೆ ವಾಪಸು. ಡಾಕ್ಟರು ರಕ್ತದಲ್ಲಿ ಕೊಬ್ಬು ಜಾಸ್ತಿಯಾಗಿದೆ, ಕರಿದದ್ದು ಮುಟ್ಟಬೇಡಿ ಎಂದ ದಿನದಿಂದ ಹೆಂಡತಿ ಮಹಾಲಕ್ಷ್ಮಿ ಚೀಲದಲ್ಲಿ ಒಂದು ಸ್ಟೀಲ್ ಡಬ್ಬಿ ಇಡುತ್ತಿದ್ದಳು. ಒಳಗೆ ಎರಡು ಜೋಳದ ರೊಟ್ಟಿ, ಪಲ್ಯ, ಒಂದು ಚಮಚ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿದ ಹೆಸರು: ಎರ್ರಮ್ಮ, ಹೊಳಗುಂದ. ಎರ್ರಮ್ಮ ಅವನ ಅತ್ತೆ, ಡಬ್ಬಿ ಮದುವೆಯಲ್ಲಿ ಬಂದದ್ದು.

ಬಜಾರಿನ ತುದಿಯಲ್ಲಿ ಕೊಂಡಮ್ಮನ ಬಂಡಿ. ಅಲ್ಲಿ ಬಿಸಿ ಮಂಡಕ್ಕಿ ಒಗ್ಗಾಣಿ, ಮೇಲೆ ಹುರಿಗಡಲೆಯ ಪುಟಾಣಿ ಪುಡಿ, ಪಕ್ಕದಲ್ಲಿ ಎರಡು ಮಿರ್ಚಿ ಬಜ್ಜಿ. ಸಿದ್ದಲಿಂಗೇಶ್ ಮೂರು ವರ್ಷದಿಂದ ಪ್ರತಿ ಭಾನುವಾರ ಅದನ್ನು ತಿಂದು, ಡಬ್ಬಿಯ ರೊಟ್ಟಿಯನ್ನು ಅಲ್ಲೇ ನಿಲ್ಲುವ ಒಂದು ಆಕಳಿಗೆ ಹಾಕಿ, ಮನೆಗೆ ಬಂದು ಪಲ್ಯದ ರುಚಿಯನ್ನು ಬಾಯ್ತುಂಬ ಹೊಗಳುತ್ತಿದ್ದ. ಆ ಆಕಳು ದುಂಡಗಾಗಿತ್ತು, ಇವನೂ ದುಂಡಗಾಗಿದ್ದ, ಜೋಳದ ರೊಟ್ಟಿಯ ಮೇಲೆ ಮಹಾಲಕ್ಷ್ಮಿಗೆ ಅಪಾರ ನಂಬಿಕೆ ಬೆಳೆದಿತ್ತು.

ಹೀಗಿರುವಾಗ ಮಹಾಲಕ್ಷ್ಮಿ ಬಟ್ಟೆಗೊಂದು ಬೀರು ಬೇಕೆಂದಳು. ಹೊಸದು ತಗಡಿನಂತಿರುತ್ತದೆ, ಹಳೆಯದರ ಕಬ್ಬಿಣವೇ ಬೇರೆ, ತಟ್ಟಿ ನೋಡಿ ತರುವ ಕೈ ತನ್ನಲ್ಲಿದೆ ಎಂದು ಸಿದ್ದಲಿಂಗೇಶ್ ಉಪನ್ಯಾಸ ಕೊಟ್ಟ. ಹೋದ ತಿಂಗಳು ಇದೇ ಕೈ ತಂದಿದ್ದ ಹಳೆ ಫ್ಯಾನು ಗಾಳಿಯ ಬದಲು ಬರೀ ಸದ್ದು ಕೊಡುತ್ತಿತ್ತು. ಅದನ್ನು ತಲೆಯೆತ್ತಿ ನೋಡುತ್ತಲೇ ಮಹಾಲಕ್ಷ್ಮಿ ಹೇಳಿದಳು:

“ತರ್ರಿ. ಇದ್ರಾಗೂ ಏನಾರ ಎಡವಟ್ಟಾತು ಅಂದ್ರ, ಇನ್ಮ್ಯಾಲೆ ಬಜಾರಕ್ಕ ನಾ ಹೊಕ್ಕೀನಿ. ನೀವು ಐತವಾರ ಮನ್ಯಾಗ ಕುಂದರ್ರಿ.”

ಸಿದ್ದಲಿಂಗೇಶನ ಕಣ್ಣಮುಂದೆ ಬೀರು ಬರಲಿಲ್ಲ, ಕೊಂಡಮ್ಮನ ಬಾಣಲೆ ಬಂತು. ಆದರೂ ಗಂಡಸಿನ ಮಾತು, ಒಪ್ಪಿಕೊಂಡ.

ದಸ್ತಗಿರಿಯ ಅಂಗಡಿಯಲ್ಲಿ ಬಾಗಿಲಿಗೇ ಒಂದು ಮಂಚ, ಮಂಚದ ಮೇಲೆ ದಸ್ತಗಿರಿ. ಮಾತಿಗೆ ಶುರುವಾಗಲಿ ಎಂದು ಸಿದ್ದಲಿಂಗೇಶ್ ಮಂಚದ ಬೆಲೆ ಕೇಳಿದ. ಮಲಗಿದ್ದೇನೆ, ಎದ್ದ ಮೇಲೆ ಬಾ ಎಂದ ದಸ್ತಗಿರಿ. ಬೀರು ಬೇಕಿತ್ತು ಎಂದರೆ ಏತಕ್ಕೆ ಎಂದು ಕೇಳಿದ. ಮನೆಯಾಕೆಯ ಸೀರೆಗೆ ಎಂದರೆ ಎಷ್ಟು ಸೀರೆ ಎಂದು ಕೇಳಿದ. ನಲವತ್ತು ಎಂದಾಗ, ಇಷ್ಟು ಯಾಕೆ ಕೊಡಿಸಿದಿ ಎಂದು ಬೈದ. ಒಳಗೆ ಐದು ಬೀರು ನಿಂತಿದ್ದವು. ಸಿದ್ದಲಿಂಗೇಶ್ ಒಂದೊಂದನ್ನೂ ಎರಡು ಕೈಯಿಂದ ಹತ್ತು ಕಡೆ ತಟ್ಟಿ, ಬಾಗಿಲು ತೆರೆದು, ಒಳಗೆಲ್ಲ ಇಣುಕಿ, ಕಡೆಗೆ ಕಂದು ಬಣ್ಣದ್ದನ್ನು ಆರಿಸಿದ. ಕಂದು ಬಣ್ಣದ್ದು ಮಾರಾಟಕ್ಕಿಲ್ಲ ಎಂಬ ಉತ್ತರ ಬಂತು. ಬೂದು? ಅದರಲ್ಲಿ ದಸ್ತಗಿರಿಯ ಅಂಗಿಗಳಿದ್ದವು. ಉಳಿದ ಎರಡು ಯಾರಿಗೋ ಹೇಳಿಟ್ಟದ್ದು.

“ನಿಮ್ಗ ಹಸಿರು ಸಾಕು. ಸಂಜಿಗೆ ಬಂಡಿ ಮ್ಯಾಲೆ ಕಳಸ್ತೀನಿ, ಹೋಗ್ರಿ. ನಂದು ನಮಾಜಿನ ಟೈಮಾತು” ಎಂದು ದಸ್ತಗಿರಿ ಗಿರಾಕಿಯನ್ನು ಹೊರಗಟ್ಟಿ ಶಟರು ಎಳೆದ. ಹಣ ಕೊಟ್ಟು, ಬೈಸಿಕೊಂಡು, ಬೇಡವಾದದ್ದನ್ನು ಕೊಂಡು ಸಿದ್ದಲಿಂಗೇಶ್ ಬೀದಿಯಲ್ಲಿ ನಿಂತಿದ್ದ.

ಮನೆ ಮುಟ್ಟಿದ ಮೇಲೆ ಚೀಲದಲ್ಲಿ ಡಬ್ಬಿ ಇಲ್ಲವೆಂದು ಗೊತ್ತಾಯಿತು. ಕೊಂಡಮ್ಮನ ಬಂಡಿಯ ಹತ್ತಿರ ಬಿಟ್ಟಿರಬೇಕು. ಆ ದಿನ ಆಕಳೂ ಬಂದಿರಲಿಲ್ಲ. ಆದರೆ ಹೆಂಡತಿಯ ಮುಂದೆ ಕೊಂಡಮ್ಮನ ಹೆಸರೆತ್ತುವಂತಿಲ್ಲವಲ್ಲ. ಬಜಾರಿನಲ್ಲಿ ಮಿಲ್ಲಿನ ಸೋಮೇಶ್ ಸಿಕ್ಕಿದ್ದ, ಖಾಲಿ ಡಬ್ಬಿ ಬೇಕೆಂದ, ಕೊಟ್ಟೆ ಎಂದುಬಿಟ್ಟ. ರೊಟ್ಟಿ ತಿಂದಿರೋ ಇಲ್ಲವೋ ಎಂದು ಆಕೆ ಕೇಳಿದಳು. “ತಿಂದೆ. ಬದನೀಕಾಯಿ ಪಲ್ಯ ಬಲು ಚಲೋ ಆಗಿತ್ತು” ಎಂದು ಹೊಟ್ಟೆ ಸವರಿಕೊಂಡ.

ಸಂಜೆ ಬೀರು ಬಂತು. ಮಹಾಲಕ್ಷ್ಮಿ ಸುತ್ತಲೂ ಒರೆಸಿ ನೋಡಿದಳು, ಪರವಾಗಿಲ್ಲ ಎನ್ನುವಂತೆ ತಲೆ ಆಡಿಸಿದಳು. ಸಿದ್ದಲಿಂಗೇಶ್ ಉಸಿರು ಬಿಟ್ಟ. ಆಮೇಲೆ ಆಕೆ ಒಳಗಿನ ಪುಟ್ಟ ಲಾಕರಿನ ಹಿಡಿ ಎಳೆದಳು. ಬೀಗ ಹಾಕಿತ್ತು, ಚಾವಿ ಇರಲಿಲ್ಲ. ಬೀರುವನ್ನು ಗೋಡೆಗೆ ಸರಿಸುವಾಗ ಲಾಕರಿನ ಒಳಗಿನಿಂದ ಗಡಗಡ ಎಂದು ಏನೋ ಉರುಳಿದ ಸದ್ದು ಕೇಳಿಸಿತು.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಮತ್ತೊಮ್ಮೆ ಸರಿಸಿದರು. ಮತ್ತೆ ಗಡಗಡ.

ಅವತ್ತಿನಿಂದ ಆ ಮನೆಯಲ್ಲಿ ಬೇರೆ ಮಾತಿಲ್ಲ. ಕಾಗದಪತ್ರ ಇರಬೇಕೆಂದು ಮಹಾಲಕ್ಷ್ಮಿ. ಕಾಗದ ಗಡಗಡ ಅನ್ನುವುದಿಲ್ಲ ಎಂದು ಸಿದ್ದಲಿಂಗೇಶ್. ಬೀರು ನೋಡಲೆಂದೇ ಹೊಳಗುಂದದಿಂದ ಬಂದ ಎರ್ರಮ್ಮ ಲಾಕರಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಇದು ಡಾಬು ಅಂದಳು. ಹಳೇ ಸಾಹುಕಾರರ ಮನೆಯ ಸೊಂಟದ ಡಾಬು, ತೂಕದ್ದು. ನಾಲ್ಕನೆಯ ದಿನಕ್ಕೆ ಬೀರುವಿನಿಂದ ಒಂದು ಥರದ ಹುಳಿವಾಸನೆ ಹೊರಟಿತು. ಬಂಗಾರವನ್ನು ಬಹಳ ದಿನ ಮುಚ್ಚಿಟ್ಟರೆ ಇಂಥದ್ದೇ ವಾಸನೆ ಬರುತ್ತದೆ ಎಂದು ಎರ್ರಮ್ಮ ಧೈರ್ಯ ಹೇಳಿದಳು. ಸಿದ್ದಲಿಂಗೇಶ್ ಹೊರಗೆ, ನನಗೇನೂ ಕುತೂಹಲವಿಲ್ಲ ಎನ್ನುತ್ತಿದ್ದ. ಒಳಗೆ, ಮಿಲ್ಲಿನಲ್ಲಿ ಗಾಡಿ ತೂಗುವಾಗಲೂ ಅವನ ಕಿವಿಯಲ್ಲಿ ಗಡಗಡವೇ.

ಚಾವಿ ಮಾಡುವವನು ಬೀರುವನ್ನೇ ತನ್ನ ಅಂಗಡಿಗೆ ತರಲು ಹೇಳಿದ. ಒಡೆದರೆ ಬೀರು ಕೆಟ್ಟಿತು, ಬೀರು ಕೆಟ್ಟರೆ ಭಾನುವಾರ ಕೆಟ್ಟಿತು. ಇನ್ನುಳಿದ ದಾರಿ ದಸ್ತಗಿರಿ.

ಎರಡನೆಯ ಭಾನುವಾರ ದಸ್ತಗಿರಿ ಅದೇ ಮಂಚದ ಮೇಲೆ ಮಗ್ಗುಲು ಬದಲಿಸಿದ್ದ. ಚಾವಿ ಎಲ್ಲಿದೆ ಎಂದು ಕೇಳಿದ್ದಕ್ಕೆ ಕಾಲಿನಿಂದಲೇ ಮೂಲೆಯ ಒಂದು ತಗಡಿನ ಡಬ್ಬ ತೋರಿಸಿದ. ಎಣ್ಣೆಯ ಹಳೇ ಡಬ್ಬ, ಕಂಠದವರೆಗೆ ಚಾವಿ. ಬೀರು ಸಾಗಿಸುವ ಮೊದಲು ತೆರೆದಿದ್ದ ಲಾಕರಿಗೆ ಬೀಗ ಜಡಿದು, ಬಾಗಿಲಿನ ಚಾವಿ ಮಾತ್ರ ಗಿರಾಕಿಗೆ ಕೊಟ್ಟು, ಲಾಕರಿನದನ್ನು ಅದರಲ್ಲಿ ಒಗೆಯುವುದು ಅವನ ಪದ್ಧತಿಯಂತೆ. ಡಬ್ಬವನ್ನೇ ಒಯ್ಯುತ್ತೇನೆ ಎಂದರೆ ಆಗುವುದಿಲ್ಲ. ಒಂದು ಸಲಕ್ಕೆ ಏಳು ಚಾವಿ, ಅದಕ್ಕೂ ಒತ್ತೆಯಾಗಿ ಗಿರಾಕಿಯ ಒಂದು ಚಪ್ಪಲಿ ಇಲ್ಲಿ ಬಿಡಬೇಕು. ಎರಡೂ ಬಿಟ್ಟರೆ ಜನ ಹೊಸದು ಕೊಳ್ಳುತ್ತಾರೆ, ಒಂದೇ ಬಿಟ್ಟರೆ ವಾಪಸು ಬಂದೇ ಬರುತ್ತಾರೆ ಎಂಬುದು ಅವನ ವ್ಯಾಪಾರದ ಅನುಭವ.

ಒಂಟಿ ಚಪ್ಪಲಿಯ ಸಿದ್ದಲಿಂಗೇಶ್ ಅವತ್ತು ಮೊಪೆಡ್ಡಿನ ಮೇಲೆ ಎಂಟು ಸಲ ಮನೆಗೂ ಅಂಗಡಿಗೂ ಓಡಾಡಿದ. ನಡುವೆ ಕೊಂಡಮ್ಮನ ಹತ್ತಿರ ಡಬ್ಬಿ ವಿಚಾರಿಸಿದ, ತಾನು ನೋಡಿಲ್ಲ ಎಂದಳು. ಎಂಟನೆಯ ಸಲಕ್ಕೆ ತಾಳ್ಮೆ ಹರಿದು, ಒಳಗೆ ಏನೋ ಗಡಗಡ ಅನ್ನುತ್ತಿದೆ, ಅದಕ್ಕೇ ಇಷ್ಟು ಪಾಡು ಎಂದು ದಸ್ತಗಿರಿಯ ಮುಂದೆ ಬಾಯಿಬಿಟ್ಟ.

ದಸ್ತಗಿರಿ ಎದ್ದು ಕೂತ. ಆ ಬೀದಿಯವರು ಅವನು ಗಿರಾಕಿಗಾಗಿ ಎದ್ದು ಕೂತದ್ದನ್ನು ಎಂದೂ ನೋಡಿರಲಿಲ್ಲ.

ಮರುದಿನ ಸಂಜೆಯೇ, ಸಿದ್ದಲಿಂಗೇಶ್ ಮಿಲ್ಲಿನಿಂದ ಬರುವಷ್ಟರಲ್ಲಿ, ದಸ್ತಗಿರಿ ಚಾವಿಯ ಡಬ್ಬ ಹೊತ್ತು ಮನೆ ಬಾಗಿಲಿಗೆ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಮುಖದಲ್ಲಿ ನಗು, ಬಾಯಲ್ಲಿ “ಸಾರ್”. ಅಮ್ಮಾವ್ರು ಕೊಟ್ಟ ಚಹಾ ಬಹಳ ಚೆನ್ನಾಗಿದೆ ಎಂದ. ಕುಡಿದು ಲೋಟ ಇಟ್ಟು ಮೆಲ್ಲಗೆ ವಿಷಯಕ್ಕೆ ಬಂದ. “ನೋಡ್ರಿ ಸಾರ್, ನಾ ಮಾರಿದ್ದು ಖಾಲಿ ಬೀರು. ಒಳಗಿನ ಮಾಲು ನಂದು.”

“ಬೀರು ನಂದಾದ ಮ್ಯಾಲೆ ಹೊಟ್ಟ್ಯಾಗಿಂದೂ ನಂದ” ಎಂದು ಸಿದ್ದಲಿಂಗೇಶ್ ಎದೆಯುಬ್ಬಿಸಿದ.

ವಾದ ಒಂದು ತಾಸು ನಡೆಯಿತು, ಕನ್ನಡದಲ್ಲಿ ಶುರುವಾಗಿ ತೆಲುಗಿಗೆ ಏರಿ ಉರ್ದುವಿನಲ್ಲಿ ದಣಿಯಿತು. ಅರ್ಧ ಅರ್ಧ ಮಾಡಿಕೊಳ್ಳಿ ಎಂದು ಎರ್ರಮ್ಮ ತೀರ್ಪು ಕೊಟ್ಟಳು. ಸಿದ್ದಲಿಂಗೇಶ್ ಘನಗಂಭೀರವಾಗಿ ಕರಾರುಪತ್ರ ಬರೆದ. ಆಗ ಮಹಾಲಕ್ಷ್ಮಿ ಅಡ್ಡಬಂದಳು. ಆಕೆಗೆ ಪರರ ಸೊತ್ತಿನ ಭಯ.

“ಅದ್ರ ಮ್ಯಾಲೆ ಯಾರ್ದಾರ ಹೆಸರಿತ್ತು ಅಂದ್ರ, ಅವ್ರಿಗೇ ಮುಟ್ಟಿಸಬೇಕು. ನಮ್ಮ ಕೈಗೆ ಹೆಂಗ ಬಂತು ಅಂತ ಪೂರ್ತಿ ಹೇಳಬೇಕು. ಅದನ್ನೂ ಬರೀರಿ.”

ಬರೆದ. ಇಬ್ಬರೂ ಸಹಿ ಹಾಕಿದರು. ದಸ್ತಗಿರಿ ಲಾಕರಿನ ಬೀಗವನ್ನು ಒಮ್ಮೆ ನೋಡಿ, ಡಬ್ಬದೊಳಗೆ ಮೊಳಕೈವರೆಗೆ ಕೈಯಿಳಿಸಿ, ಒಂದೇ ಒಂದು ಚಾವಿ ಹೊರಗೆ ತೆಗೆದ. ತೂರಿಸಿದ. ತಿರುಗಿತು.

ಎಂಟು ಸಲ ಒಂಟಿ ಚಪ್ಪಲಿಯಲ್ಲಿ ಓಡಾಡಿದವನು, ಗೊತ್ತಿದ್ದೂ ಆವಾಗಲೇ ಯಾಕೆ ಕೊಡಲಿಲ್ಲ ಎಂದು ಕೇಳಿದ.

“ನೀವು ಚಾವಿ ಎಲ್ಲೈತಿ ಅಂತ ಕೇಳಿದ್ರಿ. ಯಾವ್ದು ಅಂತ ಕೇಳಲಿಲ್ಲಲ್ಲ” ಎಂದ ದಸ್ತಗಿರಿ.

ಲಾಕರು ತೆರೆಯಿತು. ಮೊದಲು ವಾಸನೆ ಹೊರಬಂತು, ಎಲ್ಲರೂ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಕುತೂಹಲವಿಲ್ಲದ ಸಿದ್ದಲಿಂಗೇಶ್ ಮಾತ್ರ ಮುಂದಕ್ಕೆ ಸರಿದು ಕೈಹಾಕಿದ. ಕೈಗೆ ತಣ್ಣಗೆ, ಗುಂಡಗೆ, ಲೋಹ ತಾಗಿತು. ಹೊರಗೆ ಎಳೆದ.

ಸ್ಟೀಲ್ ಡಬ್ಬಿ. ಎರ್ರಮ್ಮ ಮುಚ್ಚಳದ ಮೇಲಿನ ಚುಕ್ಕಿಗಳ ಮೇಲೆ ಬೆರಳಾಡಿಸಿ, ತನ್ನ ಹೆಸರನ್ನೂ ಊರನ್ನೂ ಸ್ಪಷ್ಟವಾಗಿ ಓದಿದಳು.

ಸಿದ್ದಲಿಂಗೇಶನಿಗೆ ಆಗ ಎಲ್ಲ ನೆನಪಾಯಿತು. ಆ ಭಾನುವಾರ ಆಕಳಿಗೆಂದು ಚೀಲದಿಂದ ತೆಗೆದು ಹಿಡಿದಿದ್ದ ಡಬ್ಬಿ ಎರಡು ಕೈಯಿಂದ ತಟ್ಟಲು ಅಡ್ಡಿಯಾಗಿ, ಅದನ್ನು ತೆರೆದಿದ್ದ ಯಾವುದೋ ಲಾಕರಿನಲ್ಲಿ ಇಟ್ಟಿದ್ದ. ಐದು ಬೀರು ತಟ್ಟುವ ಭರಾಟೆಯಲ್ಲಿ ಯಾವುದರಲ್ಲಿ ಇಟ್ಟೆ ಎನ್ನುವುದಿರಲಿ, ಇಟ್ಟೆ ಎನ್ನುವುದೇ ಮರೆತಿತ್ತು. ಮಹಾಲಕ್ಷ್ಮಿ ಮುಚ್ಚಳ ತೆಗೆದಳು. ರೊಟ್ಟಿಗೆ ಬೀರುವಿನದೇ ಹಸಿರು ಬಣ್ಣ ಬಂದಿತ್ತು.

“ಎರಡು ಕಟ್ಟಿದ್ದೆ. ಎರಡೂ ಅದಾವು” ಎಂದಳು ಆಕೆ. “ಪಲ್ಯ ಬಲು ಚಲೋ ಆಗಿತ್ತು ಅಂದ್ರಿ.”

ಸಿದ್ದಲಿಂಗೇಶ್ ಸೋಮೇಶನ ಹೆಸರು ಹೇಳಲು ಬಾಯಿ ತೆರೆದು, ಮುಚ್ಚಿದ. ಹೇಗೆ ಬಂತೆಂದು ಪೂರ್ತಿ ಹೇಳಬೇಕೆಂದು ಕರಾರಿನಲ್ಲಿ ತಾನೇ ಬರೆದಿದ್ದ. ದಸ್ತಗಿರಿ ನೆರವಿಗೆ ಬಂದ. ಡಬ್ಬಿ ಸಾರ್ ಅವರದೇ, ಅವತ್ತು ಕೈಯಲ್ಲಿ ಹಿಡಿದು ಬಂದಿದ್ದರು, ಮೀಸೆಯ ಮೇಲೆ ಪುಟಾಣಿ ಪುಡಿ ಇತ್ತು, ಮೈಯೆಲ್ಲ ಮಿರ್ಚಿ ಬಜ್ಜಿಯ ವಾಸನೆ ಎಂದು ಒಂದೂ ಬಿಡದೆ ಹೇಳಿದ. ಗಿರಾಕಿಯ ಮೇಲೆ ಅವನು ಅಷ್ಟು ಗಮನ ಇಟ್ಟಿರುತ್ತಾನೆಂದು ಯಾರೂ ಎಣಿಸಿರಲಿಲ್ಲ. ಆಮೇಲೆ ಡಬ್ಬಿಯೊಳಗೆ ಇಣುಕಿ, ತನ್ನ ಅರ್ಧ ಪಾಲನ್ನೂ ಸಾರ್ ಅವರೇ ಇಟ್ಟುಕೊಳ್ಳಲಿ ಎಂದು ಉದಾರವಾಗಿ ಬಿಟ್ಟುಕೊಟ್ಟು, ಚಾವಿಯ ಡಬ್ಬ ಹೊತ್ತು ಹೊರಟುಹೋದ.

ಸಿದ್ದಲಿಂಗೇಶ್ ದೇವರ ಪಟದ ಕಡೆ ಕೈತೋರಿಸಿ, ತಿಂದದ್ದು ಅವತ್ತೊಂದೇ ದಿನ, ಹಸಿವು ತಡೆಯದೆ ಆದ ಪ್ರಮಾದ ಎಂದು ಆಣೆ ಮಾಡಿದ. ಮಹಾಲಕ್ಷ್ಮಿ ಬಜಾರಿನ ಚೀಲವನ್ನು ಗೂಟದಿಂದ ತೆಗೆದು ಮಡಿಚಿ, ಹಸಿರು ಬೀರುವಿನಲ್ಲಿಟ್ಟು ಬೀಗ ಹಾಕಿ, ಚಾವಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮುಂದಿನ ಭಾನುವಾರ ತಾಯಿ ಮಗಳು ಬಜಾರಿಗೆ ಹೋದರು. ಸಿದ್ದಲಿಂಗೇಶ್ ಮನೆಯಲ್ಲಿ, ತಿಕ್ಕಿ ತೊಳೆದ ಅದೇ ಡಬ್ಬಿಯ ಮುಂದೆ. ಹನ್ನೆರಡಾಯಿತು, ಒಂದಾಯಿತು. ಅಷ್ಟು ಹೊತ್ತು ಏನು ಮಾಡುತ್ತಿದ್ದಾರೆ ಎಂಬ ವಿಚಾರಣೆ ಅವನ ತಲೆಯನ್ನು ತಿನ್ನತೊಡಗಿತು. ಮೂರು ಗಂಟೆಗೆ ಇಬ್ಬರೂ ಬಂದರು. ಯಾಕೆ ತಡವೆಂದು ಕೇಳಿದ. ದಸ್ತಗಿರಿ ಕುರ್ಚಿ ಹಾಕಿ ಕೂರಿಸಿದ, ಚಹಾ ತರಿಸಿದ, ಆ ಕಂದು ಬೀರುವನ್ನೂ ತೋರಿಸಿದ ಎಂದಳು ಮಹಾಲಕ್ಷ್ಮಿ. ಹಾಗೆನ್ನುವಾಗ ಆಕೆಯ ಸೆರಗಿನ ತುದಿಯಲ್ಲಿ ಪುಟಾಣಿ ಪುಡಿ ಕಂಡಿತು. ಹತ್ತಿಯ ನೀರು ಕಾಣದ ಕಣ್ಣಿಗೂ ಅದು ಕಂಡಿತು. ಈಗ ಸಿಕ್ಕಿಬಿದ್ದಿರಿ ಎಂದು ಅವನು ಗಂಟಲು ಸರಿಮಾಡಿಕೊಂಡ.

ಅಷ್ಟರಲ್ಲಿ ಎರ್ರಮ್ಮ ಒಂದು ತೇಗು ತೇಗಿ, ಗೋಡೆಗೆ ಒರಗಿ ಕೂತಳು.

“ಅಳಿಯಂದ್ರ, ಆ ಬಂಡಿ ಕೊಂಡಮ್ಮ ನಿಮ್ಮನ್ನ ಕೇಳಿದ್ಲು. ಮೂರು ವರ್ಷದಾಗ ಒಂದು ಐತವಾರ ತಪ್ಪಿಸಿದವ್ರಲ್ಲ, ಆರಾಮ ಅದಾರಿಲ್ಲೋ ಅಂದ್ಲು. ನಿಮ್ಮ ಆಕಳೂ ರೊಟ್ಟಿಗೆ ದಾರಿ ನೋಡಾಕ ಹತ್ತೈತಂತ.”

ಸಿದ್ದಲಿಂಗೇಶ್ ಸರಿಮಾಡಿಕೊಂಡ ಗಂಟಲನ್ನು ಹಾಗೇ ಬಿಟ್ಟು, ಡಬ್ಬಿಯ ಮುಚ್ಚಳ ತೆಗೆದು ಎರಡೂ ರೊಟ್ಟಿ ತಿಂದ.