ಅರ್ಧ ಕತ್ತಿ, ಅರ್ಧ ಮಂತ್ರ

ನಗುವಂಥದ್ದು ಏನೂ ಆಗದೇ ಒಂದು ವಾರ ಕಳೆದ್ರ, ಯಾರಿಗಾದ್ರೂ ಜ್ವರ ಬಂದೈತೇನೋ ಅಂತ ನಮ್ಮವ್ವ ಎಲ್ಲರ ಹಣಿ ಮುಟ್ಟಿ ನೋಡ್ತಾಳ. ಅಂಥಾ ಮನಿ ನಮ್ಮದು. ಆದ್ರ ನಾನು, ತಮ್ಮ ಇಬ್ರೂ ಕೂಡಿ ಕಂಪ್ಯೂಟರಿನ್ಯಾಗ ಒಬ್ಬ ಮಂತ್ರಗಾರನ್ನ ಸಾಕಿದ್ವಲ್ಲ, ಆ ದಿನಗಳಾಗ ನಕ್ಕಷ್ಟು ಮತ್ತ್ಯಾವತ್ತೂ ನಗಲಿಲ್ಲ. ಈಗ ಆ ಕಂಪ್ಯೂಟರ್ ಅಟ್ಟದ ಮ್ಯಾಲ ಐತಿ. ಹಬ್ಬಕ್ಕ ಜಾಡಿಸಾಕ ಹತ್ತಿದಾಗೆಲ್ಲಾ ನಾನು ಕೆಲಸ ಬಿಟ್ಟು ಅದರ ಮುಂದ ಕುಂತುಬಿಡ್ತೀನಿ.

ಆವಾಗ ನಾವು ಆಂಧ್ರದ ಆದೋನ್ಯಾಗ ಬಾಡಿಗಿ ಮನ್ಯಾಗ ಇದ್ವಿ. ನಾನು ಸಾಲಿ ಟೀಚರು. ಹಗಲೆಲ್ಲಾ ತೆಲುಗಿನ್ಯಾಗ ಒದರಿ ಬಂದು ಮನ್ಯಾಗ ಕನ್ನಡದಾಗ ಒದರಾಕಿ. ತಮ್ಮ ಅರ್ಧ ವಾರ ಪ್ಯಾಟ್ಯಾಗಿನ ಆನ್‌ಲೈನ್ ಸೆಂಟರಿನ್ಯಾಗ ಕೆಲಸ ಮಾಡೋನು, ಇನ್ನರ್ಧ ವಾರ ದೇವನಕೊಂಡದ ಕಡೆ ನಮ್ಮೂರಿಗೆ ಹೋಗಿ ಕುರಿ ಕಾಯೋನು. ಅವನಿಗೆ ಹೆಣ್ಣು ಹುಡುಕ್ತಿದ್ವಿ. ಬಂದೋರೆಲ್ಲಾ ಹುಡುಗ ಏನ್ ಮಾಡ್ತಾನ ಅಂತ ಕೇಳೋರು, ಹೇಳಿದ ಮ್ಯಾಲ ಚಾ ಕುಡಿದು ಎದ್ದು ಹೋಗೋರು. ಕೌತಾಳಂನಿಂದ ಬಂದ ಹಿರಿಯರೊಬ್ರು ಮುಖದ ಮ್ಯಾಲೇ ಅಂದ್ರು: "ಅರ್ಧ ಕುರಿ, ಅರ್ಧ ಕಂಪ್ಯೂಟರ್. ನಾಕು ಮಂದಿ ಮುಂದ ಅಳಿಯ ಏನಂತ ಹೇಳ್ಕೋಬೇಕ್ರಿ ನಾವು?"

ತಮ್ಮ ನಕ್ಕ. ಒಳಗ ಎಷ್ಟು ನೊಂದಾನ ಅಂತ ನನಗ ಗೊತ್ತಿತ್ತು. ಮದಿವಿ ಆದ್ರ ಆಗ್ಲಿ ಬಿಟ್ರ ಬಿಡ್ಲಿ, ಯಾರಾದ್ರೂ ಒಬ್ರು ಅವನ್ನ ಹೆಂಗದಾನೋ ಹಂಗೇ ಒಪ್ಪಿಕೊಂಡ್ರ ಸಾಕು ಅಂತಿತ್ತು ನನ್ನ ಜೀವ. ಅದನ್ನೆಲ್ಲಾ ಮರಿಯಾಕ ಸಂಜಿಕ ಆಟ ಹಚ್ಚಿಕೊಂಡು ಕುಂದರ್ತಿದ್ವಿ.

ಹೆಸರು

ಆ ಆಟದಾಗ ಮದ್ಲು ನಮ್ಮ ವೀರನ್ನ ನಾವೇ ತಯಾರು ಮಾಡ್ಬೇಕು. ಮೂಗು, ಮೀಸಿ, ಕೂದಲು ಎಲ್ಲಾ ಆರಿಸಿ ಆತು. ಹೆಸರು ಕೇಳಿದಾಗ ತಮ್ಮ ಹಿಂದು ಮುಂದು ನೋಡ್ದೇ ಮನಿದೇವರ ಹೆಸರು ಕುಟ್ಟಿಬಿಟ್ಟ. ನಮ್ಮ ವಂಶದಾಗ ಹುಟ್ಟಿದ ಗಂಡಸರಿಗೆಲ್ಲಾ ಅದೇ ಹೆಸರು, ಕೈ ತಾನೇ ಹೋಗೈತಿ.

ಆಟ ಶುರು ಆಗೂದೇ ಒಂದು ಸಾರಾಯಿ ಅಂಗಡ್ಯಾಗ. ಒಂದು ಬಟ್ಲು ಕುಡಿದ್ರ ವೀರನಿಗೆ ಬಲ ಬರ್ತೈತಿ. ಅವ ಬಟ್ಲು ಎತ್ತೋ ಹೊತ್ತಿಗೆ ಅವ್ವ ಕಾಯಿಪಲ್ಯದ ಚೀಲ ಹಿಡಕೊಂಡು ಒಳಗ ಬಂದ್ಲು. "ಯಾರಲೇ ಇವ?" ಅಂತ ಕೇಳಿದ್ಲು. ನಮ್ಮ ಪುಣ್ಯಾತ್ಮ ಖರೇ ಹೆಸರು ಹೇಳಿದ.

"ಅಯ್ಯೋ ನಿನ್ನ ಮನಿ ಕಾಯ್ವಾಗ! ದೇವರ ಹೆಸರಿಟ್ಟು ಸಾರಾಯಿ ಕುಡಸ್ತೀಯಾ? ಇಳಸು ಕೆಳಗ!"

ಒಮ್ಮೆ ಇಟ್ಟ ಹೆಸರು ಬದಲಿಸಾಕ ಬರಂಗಿಲ್ಲ. ಅವತ್ತಿಂದ ವೀರ ಸಾರಾಯಿ ಮುಟ್ಟಲಿಲ್ಲ, ಮಾಂಸ ಮುಟ್ಟಲಿಲ್ಲ, ಬರೇ ರೊಟ್ಟಿ, ಸೇಬು ತಿಂದು ಬದುಕಿದ. ಶನಿವಾರ ದೇವರ ವಾರ, ರಕ್ತ ಹರಸಬಾರದು ಅಂತ ಅವ್ವನ ಕಟ್ಟಪ್ಪಣಿ. ಹಂಗಾಗಿ ಶನಿವಾರ ಅವ ಕಾಡಾಗ ಹೂವು ಹರಕೋತ ತಿರುಗೋನು. ಆ ರಾಜ್ಯದ ರಾಕ್ಷಸರಿಗೆಲ್ಲಾ ನಮ್ಮವ್ವನ ದಯೆಯಿಂದ ವಾರಕ್ಕೊಮ್ಮೆ ರಜಾ ಸಿಕ್ತು.

ಕಬ್ಬಿಣದ ಅಂಗಿ

ವೀರ ಒಂದೊಂದು ಮೆಟ್ಟಿಲು ಏರಿದಾಗ ಅವನಿಗೆ ಹೊಸಾ ವಿದ್ಯಾ ಕಲಿಸಬಹುದು. ತಮ್ಮಗ ಕತ್ತಿ ಬೇಕು, ನನಗ ಮಂತ್ರ ಬೇಕು. "ನೀನು ಕಲಿಸಿದ್ರ ಸಾಲಿ ಮಾಸ್ತರ್ ಆಗ್ತಾನ ಅಕ್ಕಾ" ಅಂತ ಅವ. "ನೀನು ಕಲಿಸಿದ್ರ ಕಟುಕ ಆಗ್ತಾನಲೇ" ಅಂತ ನಾನು. ಜಗಳಾಡಿ, ಜುಟ್ಟು ಹಿಡಿದಾಡಿ, ಕಡೀಕ ಒಮ್ಮೆ ಅವ ಒಮ್ಮೆ ನಾನು ಅಂತ ಪಾಳಿ ಹಚ್ಚಿದ್ವಿ.

ಅದರಾಗ ಒಂದು ಎಡವಟ್ಟಾತು. ಮೈಮ್ಯಾಲ ಕಬ್ಬಿಣದ ಅಂಗಿ ಇದ್ರ ಮಂತ್ರ ಹತ್ತಂಗಿಲ್ಲ. ತಗದ್ರ ಒಂದೇ ಏಟಿಗೆ ವೀರ ಮಲಗ್ತಾನ. ತಮ್ಮ ಅಂಗಿ ಕೊಡಿಸಿದ್ದ, ನಾನು ಬೆಂಕಿ ಮಂತ್ರ, ಗಾಯ ಮಾಯಿಸೋ ಮಂತ್ರ ಕಲಿಸಿದ್ದೆ, ಇಬ್ರೂ ಸೋಲಾಕ ತಯಾರಿಲ್ಲ. ಎದುರಿಗೆ ರಾಕ್ಷಸ ಕೊಡಲಿ ಎತ್ತಿಕೊಂಡು ಓಡಿ ಬರೋ ಹೊತ್ತಿಗೆ ನಮ್ಮ ವೀರ ನಿಂತಲ್ಲೇ ಅಂಗಿ ಬಿಚ್ಚೋನು, ಬೆಂಕಿ ಉಗಳೋನು, ಮತ್ತ ಗಡಬಡಿಸಿ ಅಂಗಿ ತೊಡೋನು.

ಅವ್ವ ಅವರೇಕಾಯಿ ಸುಲಕೋತ ಇದನ್ನ ನೋಡೇ ನೋಡಿದ್ಲು. "ಏಮ್ಮಾ, ಇವ ಯುದ್ಧಕ್ಕ ಬಂದಾನೋ, ಜಳಕಕ್ಕೋ?"

ತೋಳ

ಮುಂದ ಒಂದು ಮಂತ್ರ ಸಿಕ್ತು. ಅದನ್ನ ಹಾಕಿದ್ರ ಕಾಡಿನಿಂದ ತೋಳ ಬಂದು ನಮ್ಮ ಪರವಾಗಿ ಹೋರಾಡ್ತೈತಿ. ಎಂಥಾ ಚಲೋ ಮಂತ್ರ! ತಮ್ಮ ಕುರ್ಚಿಯಿಂದ ಎದ್ದೇಬಿಟ್ಟ.

"ತೋಳನ್ನ ನಾನೇ ಕರೀಲೇನು? ಅಪ್ಪ ಬದುಕಿದ್ರ ಕಾಲು ಮುರೀತಿದ್ದ. ಹುಟ್ಟಿದಾಗಿಂದ ಅದನ್ನ ಓಡಸ್ಕೋತ ಬಂದೀವಿ, ಈಗ ಕೂಗಿ ಕರೀಬೇಕಂತ!"

"ಲೇ, ಅದು ಆಟದ ತೋಳ."

"ಆಟದ್ದಾದ್ರೇನು, ಹಲ್ಲಿಲ್ಲೇನು ಅದಕ್ಕ?"

ಅವ ಊರಿಗೆ ಹೋದಾಗ ನಾನು ಕದ್ದು ಆ ಮಂತ್ರ ಕಲಿಸಿಬಿಟ್ಟೆ. ಅವ ತಿರುಗಿ ಬಂದ ಸಂಜಿ ತೋರಿಸೇಬಿಡೂಣು ಅಂತ, ಅವನ ಪಾಳಿಯಾಗ ಪಕ್ಕದಿಂದ ಕೈ ಹಾಕಿ ಒತ್ತಿದೆ. ಬುಸ್ಸಂತ ಹೊಗಿ ಎದ್ದು ತೋಳ ಬಂತು. ಎದುರಿಗೇ ನಿಂತಿದ್ದ ನಾಕು ರಾಕ್ಷಸರು ತಮ್ಮನ ಕಣ್ಣಿಗೆ ಬೀಳಲಿಲ್ಲ. "ಹೋ! ಹೋ!" ಅಂತ ಹೊಲದಾಗ ಕೂಗಿದಂಗ ಕೂಗಿ, ಕತ್ತಿ ತಿರುಗಿಸಿ ನಮ್ಮ ತೋಳಕ್ಕೇ ಬಾರಿಸಿದ. ಅದಕ್ಕ ಸಿಟ್ಟು ಬಂತು. ರಾಕ್ಷಸರನ್ನ ಬಿಟ್ಟು ನಮ್ಮ ವೀರನ ಮ್ಯಾಲೇ ಹಾರಿ ಅಲ್ಲೇ ಮುಗಿಸಿತು.

ನಾನು ತಲಿ ಹಿಡಕೊಂಡು ಕುಂತೆ. ಅವ ಮಾತ್ರ ಗೆದ್ದೋನಂಗ ಎದಿ ಉಬ್ಬಿಸಿ ಅಂದ, "ನೋಡಿದ್ಯಾ ಅಕ್ಕಾ? ನಾನು ಹೇಳಿದ್ದಿಲ್ಲೇನು, ತೋಳ ಅಂದ್ರ ತೋಳನೇ!"

ಸನ್ಯಾಸಿ

ಆಟದಾಗ ಒಂದು ಗುಡ್ಡದ ಮ್ಯಾಲ ಒಬ್ಬ ಸನ್ಯಾಸಿ ಇದ್ದ. ಅವನ ಹತ್ರ ಹೋದ್ರ ವೀರ ಕಲಿತದ್ದೆಲ್ಲಾ ಅಳಿಸಿ, ಮದಲಿನಿಂದ ಹೊಸದಾಗಿ ಕಲಿಸಾಕ ಬಿಡ್ತಿದ್ದ. ಮತ್ತೊಂದು ಸಂಬಂಧ ಮುರಿದ ದಿನ ನಾನು ಸಾಲಿಯಿಂದ ಬಂದ್ರ, ತಮ್ಮ ಆ ಸನ್ಯಾಸಿ ಮುಂದ ವೀರನ್ನ ನಿಲ್ಲಿಸಿಕೊಂಡು ಕುಂತಿದ್ದ.

"ಎರಡೂ ಕಲಿತೋನು ಯಾರಿಗೂ ಬ್ಯಾಡ ಅಕ್ಕಾ. ಇವನ್ನ ಪೂರಾ ಕತ್ತಿಯವನ್ನ ಮಾಡ್ತೀನಿ. ಊರಾಗಿನ ಕುರೀನೂ ಮಾರಿಬಿಡ್ತೀನಿ."

ಅಪ್ಪ ಸತ್ತಾಗೂ ಅವನ ದನಿ ಹಂಗ ಬಿದ್ದಿದ್ದಿಲ್ಲ. ನನಗ ಅಳು ಬಂತು. ಅಳು ಬಂದ್ರ ಅದರ ಹಿಂದೇ ಸಿಟ್ಟೂ ಬರ್ತೈತಿ ನನಗ. "ಯಾವನೋ ಚಾ ಕುಡಿದು ಹೋದೋನು ಹೇಳಿದ ಅಂತ ನಿನ್ನ ನೀನೇ ಅಳಿಸ್ಕೋತೀಯಾ?" ಅಂತ ಒದರಿ, ಆಟ ನಿಲ್ಲಿಸಾಕ ಗೋಡಿಗಿದ್ದ ಪ್ಲಗ್ ಕಿತ್ತು ಎಸೆದೆ.

ಕಂಪ್ಯೂಟರ್ ಹಂಗೇ ನಡೀತಿತ್ತು, ಸನ್ಯಾಸಿ ಹಂಗೇ ನೋಡ್ತಿದ್ದ. ಅಡಿಗಿ ಮನಿಯಿಂದ ಅವ್ವ ಕೂಗಿದ್ಲು: "ನಿಮ್ಮ ಜಗಳದಾಗ ನನ್ನ ಮಿಕ್ಸಿ ಏನು ಪಾಪ ಮಾಡಿತ್ರಲೇ?"

ನಂದವರಂ

ಅವತ್ತು ತಮ್ಮ ಏನೂ ಅಳಿಸಲಿಲ್ಲ, ಕುರೀನೂ ಮಾರಲಿಲ್ಲ. ಆಮ್ಯಾಲ ನಂದವರಂ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗಿ ಡಿಗ್ರಿ ಓದ್ಯಾಳ, ಮನ್ಯಾಗೇ ಹೊಲಿಗಿ ಮಷೀನ್ ಹಾಕ್ಯಾಳ. ಇದೂ ಆಗಲಿಲ್ಲಂದ್ರ ಇನ್ನ ಹೆಣ್ಣು ನೋಡಾಕ ಬರಂಗಿಲ್ಲ ಅಂತ ತಮ್ಮ ಬಸ್ಸಿನ್ಯಾಗೇ ಹೇಳಿಬಿಟ್ಟಿದ್ದ. ಅವರ ಮನ್ಯಾಗ ನಾವು ಚಾಪಿ ಮ್ಯಾಲ ಕುಂತ್ವಿ. ಹುಡುಗಿ ಬಾಗಲ ಹತ್ರ, ಆಕಿ ಅಜ್ಜಿ ಕಂಬಕ್ಕ ಒರಗಿಕೊಂಡು. ಹುಡುಗ ಏನ್ ಮಾಡ್ತಾನ ಅಂತ ಹುಡುಗಿ ಅಪ್ಪ ತೆಲುಗಿನ್ಯಾಗ ಕೇಳಿದ್ರು, "ಅಬ್ಬಾಯಿ ಏಂ ಚೇಸ್ತಾಡಮ್ಮಾ?"

ತಮ್ಮ ಶುರು ಮಾಡಿದ: "ಅರ್ಧ ವಾರ..."

ಆ ಮಾತು ಕೇಳಿ ಕೇಳಿ ಬೆಂದು ಹೋಗಿದ್ದ ಅವ್ವಗ ತಡಿಯಾಕ ಆಗಲಿಲ್ಲ. "ಎಲ್ಲೀ ಅರ್ಧ? ನನ್ನ ಮಗ ಒಂದು ಕೈಯಾಗ ಕತ್ತಿ ಹಿಡೀತಾನ, ಇನ್ನೊಂದು ಕೈಯಾಗ ಬೆಂಕಿ ಎಬ್ಬಸ್ತಾನ! ಗಾಯದ ಮ್ಯಾಲ ಕೈ ಇಟ್ರ ಮಾಯ್ತೈತಿ! ನಾನು ಕಣ್ಣಾರೆ ನೋಡೀನಿ!"

ಹುಡುಗಿ ಅಪ್ಪ ಎತ್ತಿದ ಚಾ ಎತ್ತಿದಂಗೇ ಹಿಡಿದ್ರು. ಮೆಲ್ಲಕ ಕೇಳಿದ್ರು, "ಅಂದ್ರ... ಮಾಟ ಮಂತ್ರ ಮಾಡೋ ಮನೆತನ ಏನ್ರಿ ನಿಮ್ಮದು?"

ನನಗ ನೆಲ ಬಿರಿದು ಒಳಗ ಹೋದ್ರ ಸಾಕಾಗಿತ್ತು. ತಮ್ಮ ಬೆವತು ಹೋದ. "ಅದು ಕಂಪ್ಯೂಟರಿನ್ಯಾಗ ನಾವು ಆಡೋ ಆಟ ಮಾವಾ. ನನಗ ಯಾವ ಮಂತ್ರಾನೂ ಬರಂಗಿಲ್ಲ."

ಬಾಗಲ ಹತ್ರದಿಂದ ಹುಡುಗಿ ಕೇಳಿದ್ಲು, "ಮತ್ತ ನಿಮಗ ಖರೇನೇ ಏನ್ ಬರ್ತೈತಿ?"

ಅವ ಆಕಿ ಕಡೆ ನೋಡಿ ಹೇಳಿದ: "ಸೆಂಟರಿನ್ಯಾಗ ಮಂದಿಗೆ ಅರ್ಜಿ ತುಂಬಿ ಕೊಡ್ತೀನಿ. ಊರಾಗ ಕುರಿ ಕಾಯ್ತೀನಿ. ಮರಿ ಅಡ್ಡ ಬಂದ್ರ ತಿರುಗಿಸಿ ತೆಗೀತೀನಿ, ಕುರಿಗೆ ಜಡ್ಡಾದ್ರ ಸೂಜಿ ಹಾಕ್ತೀನಿ. ಎರಡೂ ನನಗ ಬೇಕು. ಒಂದು ಬಿಡು ಅನ್ನೋದಿದ್ರ ಈಗಲೇ ಹೇಳಿಬಿಡ್ರಿ."

"ನಾನೂ ಹಗಲು ಹೊಲೀತೀನಿ, ಸಂಜಿಕ ನೌಕರಿ ಪರೀಕ್ಷೆಗೆ ಓದ್ತೀನಿ" ಅಂದ್ಲು ಆಕಿ. "ನೀವು ನನಗ ಬಿಡು ಅಂತೀರೇನು?"

"ಇಲ್ಲ" ಅಂದ ತಮ್ಮ.

"ಹಂಗಾದ್ರ ನಾನೂ ಅನ್ನಂಗಿಲ್ಲ."

ನನ್ನ ಕಣ್ಣು ತುಂಬಿ ಬಂದ್ವು. ಅವ್ವ ಸೆರಗು ಬಾಯಿಗೆ ಹಚ್ಚಿಕೊಂಡ್ಲು. ಅಷ್ಟರಾಗ ಅಜ್ಜಿ ಜರಕ್ಕೋತ ಜರಕ್ಕೋತ ಬಂದು, ಸೀರಿ ಸರಿಸಿ, ನೋಯೋ ಮಂಡಿ ತಮ್ಮನ ಮುಂದ ಚಾಚಿ ಕುಂತ್ಲು.

"ಹುಡುಗಿ ಒಪ್ಪಿದ್ಲು, ನಾನೂ ಒಪ್ಪಿದೆ. ಆ ಸೂಜಿ ತಗಿಯಪ್ಪಾ, ಹಾಕು."

"ಅಜ್ಜೀ!" ಅಂತ ಹುಡುಗಿ ಓಡಿ ಬಂದ್ಲು. "ಅದು ಕುರಿಗೆ ಹಾಕೋದು!"

"ಹಾಕ್ಲಿ ಬಿಡೇ" ಅಂದ್ಲು ಅಜ್ಜಿ. "ಮನುಷ್ಯರ ಡಾಕ್ಟ್ರೆಲ್ಲಾ ಆಗಿ ಹೋದ್ರು, ಈತನೊಬ್ಬನೇ ಉಳಿದಿದ್ದ."