ನನ್ನ ಎಡಗೈಯ ದೇಶಸೇವೆ

ಈ ದೇಶದ ಮುಂದಿನ ಪೀಳಿಗೆಯನ್ನು ತಿದ್ದುವ ಹೊಣೆಯನ್ನು ನಾನೇ ಹೊರಬೇಕೆಂದು ಒಂದು ಭಾನುವಾರ ಬೆಳಿಗ್ಗೆ, ಎರಡನೇ ಲೋಟ ಕಾಫಿ ಮುಗಿಯುವಷ್ಟರಲ್ಲಿ ತೀರ್ಮಾನಿಸಿಬಿಟ್ಟೆ! ಮುಳಬಾಗಿಲಿನ ನಮ್ಮ ಬಡಾವಣೆಯ ಶಾಲೆಯವರು ಹೊಸದಾಗಿ ಸ್ಕೌಟ್ ತಂಡ ಕಟ್ಟುತ್ತಿದ್ದರು. ಸ್ವಯಂಸೇವಕರು ಬೇಕಾಗಿದ್ದಾರೆ ಎಂದು ಗೇಟಿಗೆ ಬೋರ್ಡು ನೇತುಹಾಕಿದ್ದರು. ಡೇರೆ, ಹಗ್ಗ, ಪಾತ್ರೆ ನೋಡಿಕೊಳ್ಳಲು ಒಬ್ಬರು ಬೇಕಿತ್ತು, ಶಿಬಿರದಲ್ಲಿ ಮಕ್ಕಳಿಗೆ ಊಟ ಮಾಡಿಸಲು ಒಬ್ಬರು ಬೇಕಿತ್ತು. ಪಾತ್ರೆ ಕಾಯುವುದಕ್ಕೆ ನನ್ನಂಥವನು ಯಾಕೆ? ನೇರವಾಗಿ ಸ್ಕೌಟ್ ಮಾಸ್ಟರ್ ಹುದ್ದೆಗೇ ಹೆಸರು ಕೊಟ್ಟೆ. ಆ ಹುದ್ದೆಗೆ ಟೋಪಿಯೂ ಇತ್ತು.

"ಸಮಾಜ ನನ್ನನ್ನ ಕರೀತಿದೆ ಸುನಂದಾ" ಎಂದೆ ಹೆಂಡತಿಗೆ.

"ಗ್ಯಾಸ್ ಸಿಲಿಂಡರ್‌ನೋನೂ ಕರೀತಿದಾನೆ. ಮೊದ್ಲು ಕೆಳಗಡೆ ಹೋಗಿ ಅದನ್ನ ತಗೊಂಡ್ಬನ್ನಿ" ಎಂದಳು.

ತರಬೇತಿ ಶಿಬಿರಕ್ಕೆ ಹೋದೆ. ಅಲ್ಲಿ ಕಲಿಸಿದ ಹತ್ತಾರು ವಿದ್ಯೆಗಳಲ್ಲಿ ನನ್ನ ತಲೆಗೆ ಹತ್ತಿದ್ದು ಒಂದೇ. ಸ್ಕೌಟ್‌ಗಳು ಪರಸ್ಪರ ಕೈ ಕುಲುಕುವಾಗ ಬಲಗೈ ಕೊಡುವುದಿಲ್ಲ, ಎಡಗೈ ಕೊಡುತ್ತಾರೆ! ಎಡಗೈ ಹೃದಯಕ್ಕೆ ಹತ್ತಿರವಂತೆ. ಅದು ಗುರಾಣಿ ಹಿಡಿಯುವ ಕೈಯಂತೆ. ಗುರಾಣಿ ಕೆಳಗಿಟ್ಟು ಆ ಕೈ ಚಾಚಿದರೆ, ನಿನ್ನನ್ನು ಪೂರ್ತಿ ನಂಬಿದ್ದೇನೆ ಎಂದರ್ಥವಂತೆ. ಕೇಳಿ ನನ್ನ ರೋಮಗಳೆಲ್ಲ ನಿಮಿರಿದವು! ತಿಂಡಿಗೆ ಮುಂಚೆ, ಊಟದ ಮೇಲೆ, ಕನ್ನಡಿಯ ಮುಂದೆ, ಕಂಬದ ಜೊತೆ, ಎಡಬಿಡದೆ ಕೈ ಕುಲುಕಿ ಅಭ್ಯಾಸ ಮಾಡಿದೆ. ಶಿಬಿರ ಮುಗಿಯುವ ಹೊತ್ತಿಗೆ ನನ್ನ ಬಲಗೈ ಸ್ವಯಂನಿವೃತ್ತಿ ಪಡೆದಿತ್ತು.

ತೊಂದರೆ ಏನೆಂದರೆ, ನಮ್ಮ ಊರಲ್ಲಿ ಯಾರೂ ಗುರಾಣಿ ಹಿಡಿದು ಓಡಾಡುವುದಿಲ್ಲ! ಬೆಳಿಗ್ಗೆ ಬೆಳಿಗ್ಗೆಯೇ ಮೆಹಬೂಬ್ ಪಾಷಾ ಅವರ ಅಂಗಡಿಗೆ ಹೋಗಿ, ತಂಡಕ್ಕೆಂದು ಒಂದು ಸೀಟಿ ಕೊಂಡು ದುಡ್ಡು ಚಾಚಿದೆ. "ಕ್ಯಾ ಸಾಬ್, ಬೋಣಿ ಟೈಮು! ಈ ಕೈಲಾ ಕೊಡೋದು?" ಎಂದು ಅವರು ಎರಡು ಹೆಜ್ಜೆ ಹಿಂದೆ ಸರಿದರು. ಆಫೀಸಿಗೆ ವರ್ಗವಾಗಿ ಬಂದ ಹೊಸ ಸಾಹೇಬರನ್ನು ಸ್ವಾಗತಿಸಲು ಕೈ ಚಾಚಿದೆ. ಅವರು ತಮ್ಮ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಸೇರಿಸಿಕೊಂಡರು. ದೇವಸ್ಥಾನದಲ್ಲಿ ತೀರ್ಥಕ್ಕೂ ಅದೇ ಕೈ ಮುಂದೆ ಹೋಯಿತು. ಅರ್ಚಕರು ಉದ್ಧರಣೆ ಎತ್ತಿದ್ದು ಎತ್ತಿದಂತೆಯೇ ನಿಂತರು.

"ಇದು ಹೃದಯಕ್ಕೆ ಹತ್ತಿರ ಸ್ವಾಮಿ" ಎಂದೆ.

"ಹೃದಯದ ತೊಂದ್ರೆ ಇದ್ರೆ ಕೋಲಾರಕ್ಕೆ ಹೋಗಿ ತೋರಿಸ್ಕೊಳ್ಳಿ" ಎಂದರು.

ಇಲ್ಲಿಯವರೆಗೆ ಸುನಂದಾ ನಗುತ್ತಲೇ ಇದ್ದಳು. ಅವಳ ನಗು ನಿಂತದ್ದು ತನ್ನ ತಂಗಿ ರಾಧಾಗೆ ಗಂಡು ಗೊತ್ತಾದಾಗ. ಹುಡುಗ ಶ್ರೀನಿವಾಸಪುರದ ಭೀಮರಾಜ್. ರಾಧಾಗೆ ಅವನ ಮೇಲೆ ಎಷ್ಟು ಮನಸ್ಸೆಂದರೆ, ಯಾರಾದರೂ ಅವನ ಹೆಸರೆತ್ತಿದರೆ ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಆದರೆ ಆ ಮನೆಯಲ್ಲಿ ಹೂಂ ಎನ್ನಬೇಕಾದವರು ಹುಡುಗನ ದೊಡ್ಡಪ್ಪ, ನಿವೃತ್ತ ಹೆಡ್‌ಮಾಸ್ಟರ್ ದೊಡ್ಡನಾರಾಯಣಪ್ಪನವರು. ಹಿಂದೆ ಯಾರದೋ ಮನೆಯಲ್ಲಿ ಕಾಫಿ ಲೋಟವನ್ನು ಎಡಗೈಯಲ್ಲಿ ಕೊಟ್ಟರೆಂದು ಎದ್ದು ಬಂದು, ಆ ಸಂಬಂಧವನ್ನೇ ಬಿಟ್ಟವರಂತೆ! ಮಾವನವರು ತೀರಿಕೊಂಡಿದ್ದರಿಂದ, ನಂಗಲಿಯ ನಮ್ಮತ್ತೆ ಮನೆಯಲ್ಲಿ ಅವರ ಕೈಗೆ ತಾಂಬೂಲ ಕೊಡಬೇಕಾದವನು ದೊಡ್ಡ ಅಳಿಯನಾದ ನಾನೇ.

ಅವರು ಬರುವ ದಿನ ನಮ್ಮತ್ತೆ ದೊಡ್ಡಮುನಿಯಮ್ಮ ನನ್ನಿಂದ ಒಂದು ತಾಲೀಮು ಮಾಡಿಸಿದರು. ಎಲೆ ಅಡಿಕೆ ಎತ್ತಿ ಕೊಟ್ಟೆ. "ಅಯ್ಯೋ ದೇವುಡಾ! ಎಡಮ ಚೆಯ್ಯಿ!" ಎಂದು ತೆಲುಗಿನಲ್ಲೇ ಕೂಗಿಕೊಂಡು ಗೋಡೆಗೊರಗಿದರು. ಮತ್ತೆ ಕೊಟ್ಟೆ. ಮತ್ತೆ ಅದೇ ಕೈ!

"ಭಾವಾ, ನಿಮ್ಮ ದಮ್ಮಯ್ಯ" ಎಂದಳು ರಾಧಾ, ಕಣ್ಣಲ್ಲಿ ನೀರು ತುಂಬಿಕೊಂಡು. "ಒಂದೇ ಒಂದು ಗಂಟೆ ಎಲ್ಲಾರ್ ಥರ ಇದ್ಬಿಡಿ."

ಆ ಹುಡುಗಿಯ ಮುಖ ನೋಡಿ ನನಗೆ ನಿಜಕ್ಕೂ ಕರುಳು ಚುರ್ರೆಂದಿತು. ಆದರೂ ಗತ್ತು ಬಿಡಲಿಲ್ಲ. "ಹೆದರ್ಬೇಡಮ್ಮಾ. ಸ್ಕೌಟ್ ಮಾಸ್ಟರ್ ಮನಸ್ಸು ಅವನ ಹಿಡಿತದಲ್ಲಿರುತ್ತೆ" ಎಂದೆ.

"ಮನಸ್ಸು ನೀವೇ ಇಟ್ಕೊಳ್ಳಿ, ಕೈ ನನ್ನ ಹಿಡಿತದಲ್ಲಿರ್ಲಿ" ಎಂದ ಸುನಂದಾ, ಬೀಗರ ಮುಂದೆ ಮೆರೆಯಲೆಂದು ನಾನು ಕತ್ತಿಗೆ ಹಾಕಿಕೊಂಡಿದ್ದ ಸ್ಕೌಟ್ ಸ್ಕಾರ್ಫನ್ನು ಎಳೆದುಕೊಂಡಳು. ನನ್ನ ಎಡಗೈಯನ್ನು ಎದೆಗೆ ಮಡಚಿ, ಸ್ಕಾರ್ಫನ್ನು ಜೋಳಿಗೆಯ ಹಾಗೆ ಕತ್ತಿನಿಂದ ಇಳಿಬಿಟ್ಟು ಬಿಗಿದು ಕಟ್ಟಿದಳು. "ಯಾರಾದ್ರೂ ಕೇಳಿದ್ರೆ ಬಚ್ಚಲಲ್ಲಿ ಜಾರಿ ಬಿದ್ದು ಕೈ ಮುರೀತು ಅನ್ನಿ!"

ಬೀಗರು ಬಂದರು. ಬೇರೆ ದಾರಿಯಿಲ್ಲದ ಬಲಗೈ ತಾಂಬೂಲವನ್ನು ಲಕ್ಷಣವಾಗಿ ಕೊಟ್ಟಿತು. ಬಾಗಿಲ ಹಿಂದೆ ರಾಧಾ ನಿಟ್ಟುಸಿರು ಬಿಟ್ಟದ್ದು ನನಗೂ ಕೇಳಿಸಿತು. ಅಷ್ಟರಲ್ಲಿ ದೊಡ್ಡನಾರಾಯಣಪ್ಪನವರು ಕನ್ನಡಕ ಸರಿಮಾಡಿಕೊಂಡು ನನ್ನ ಎದೆಯನ್ನೇ ದಿಟ್ಟಿಸಿದರು.

"ಇದು ಸ್ಕೌಟ್ ಸ್ಕಾರ್ಫ್ ಅಲ್ವೇನ್ರೀ?"

"ಹೌದು ಸಾರ್. ನಾನು ಸ್ಕೌಟ್ ಮಾಸ್ಟರ್!" ಎಂದು ಎದೆಯುಬ್ಬಿಸಿದೆ. ಕಟ್ಟು ಇದ್ದುದರಿಂದ ಅರ್ಧ ಎದೆ ಮಾತ್ರ ಉಬ್ಬಿತು.

ಅವರು ದಢಕ್ಕನೆ ಎದ್ದು ನಿಂತರು. ಆದರೆ ಅವರು ಬಾಗಿಲ ಕಡೆ ಹೋಗಲಿಲ್ಲ, ಮುಖವರಳಿಸಿಕೊಂಡು ನನ್ನ ಕಡೆ ಬಂದರು. "ಸರ್ವೀಸ್ ಪೂರ್ತಿ ಸ್ಕೌಟ್ ತಂಡ ನಡೆಸ್ದೋನು ಕಣ್ರೀ ನಾನು!" ಎಂದವರೇ ಚಾಚಿದರು, ತಮ್ಮ ಎಡಗೈಯನ್ನು!

ಇಡೀ ತಾಲ್ಲೂಕು ಬೇಡವೆಂದ ನನ್ನ ಎಡಗೈಯನ್ನು ಕೊನೆಗೂ ಒಬ್ಬ ಪುಣ್ಯಾತ್ಮರು ಕೇಳುತ್ತಿದ್ದಾರೆ. ಅದು ಸುಮ್ಮನಿರುತ್ತದೆಯೇ? ಸ್ಕಾರ್ಫಿನೊಳಗೇ ಎಗರಿತು! ಗಂಟು ಸಡಿಲವಾಗಲಿಲ್ಲ, ಕತ್ತೇ ಮುಂದಕ್ಕೆ ಬಂತು. ಮತ್ತೆ ಎಗರಿತು. ನಾನು ಅವರಿಗೆ ಬಾಗಿ ಬಾಗಿ ಸಲಾಮು ಹೊಡೆಯುತ್ತಿರುವಂತೆ ಕಾಣಿಸಿತು.

"ಏನಾಗಿದೆ ಕೈಗೆ?"

"ಬಚ್ಚಲಲ್ಲಿ ಜಾರಿ ಮುರಿದಿದೆ ಸಾರ್."

"ಮುರಿದ ಕೈ ಹಿಂಗೆ ಕುಣಿಯೋದನ್ನ ನಾನೆಲ್ಲೂ ನೋಡಿಲ್ಲ!"

"ಆಗಾಗ ಕುಣಿಯುತ್ತೆ ಅಂತ ಡಾಕ್ಟ್ರೇ ಹೇಳಿದಾರೆ ಸಾರ್..."

ಬಾಗಿಲ ಹಿಂದೆ ಬಿಕ್ಕುವ ಸದ್ದು. ಸುನಂದಾ ಮುಂದೆ ಬಂದಳು.

"ಮುರಿದಿಲ್ಲ ದೊಡ್ಡಪ್ಪೋರೇ, ಕಟ್ಟಿದ್ದು ನಾನು. ಇವ್ರು ಕಂಡಕಂಡೋರಿಗೆಲ್ಲ ಎಡಗೈ ಕೊಡ್ತಾರೆ. ನಿಮಗೂ ಕೊಟ್ಟು ನನ್ನ ತಂಗಿ ಮದ್ವೆ ಕೆಡಿಸ್ಬಿಟ್ರೆ ಅಂತ ಭಯ ಆಯ್ತು. ತಪ್ಪು ನಂದು, ರಾಧಾಗೆ ಶಿಕ್ಷೆ ಕೊಡ್ಬೇಡಿ."

ದೊಡ್ಡನಾರಾಯಣಪ್ಪನವರು ನನ್ನ ಕತ್ತಿನ ಹತ್ತಿರ ಬಗ್ಗಿ ಗಂಟನ್ನು ಎಳೆದು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು ನೋಡಿ, ನಂಗಲಿಯ ಹೈವೇ ಲಾರಿಗಳ ಸದ್ದೂ ಕೇಳಿಸಲಿಲ್ಲ!

"ಕಾಫಿ ಕೊಡೋ ಕೈ ಬೇರೆ, ಸ್ಕೌಟ್ ಕೈ ಬೇರೆ ಕಣಮ್ಮಾ! ಅಳ್ಬೇಡ ಅನ್ನು ಹುಡುಗೀಗೆ. ಅವ್ಳು ಇನ್ಮೇಲೆ ನಮ್ಮನೆ ಸೊಸೆ" ಎಂದರು. ನನಗೆ ಹೋದ ಜೀವ ಬಂತು. ಅವರು ಮುಂದುವರಿಸಿದರು: "ನಿಮ್ಮ ಶಾಲೆ ಹೆಡ್‌ಮಾಸ್ಟ್ರು ನನ್ನ ಶಿಷ್ಯಾನೇ. ನಾಳೇನೇ ಫೋನ್ ಮಾಡ್ತೀನಿ. ಇಂಥೋರು ತಂಡದಲ್ಲಿರ್ಬೇಕು!"

"ಅಯ್ಯೋ, ನಂದೇನಿದೆ ಸಾರ್" ಎಂದು ನಾನು ವಿನಯದಿಂದ ತಲೆ ತಗ್ಗಿಸಿದೆ.

"ನಿಮ್ಮನ್ನ ಯಾರು ಕೇಳಿದ್ರು? ನಾನು ಹೇಳಿದ್ದು ಈಯಮ್ಮನ್ನ! ಗಂಟು ಹಾಕೋದೂ ಗೊತ್ತು, ನಿಜ ಹೇಳೋದೂ ಗೊತ್ತು."

ಈಗ ನಮ್ಮ ಶಾಲೆಯ ಹುಡುಗಿಯರ ಗೈಡ್ ದಳಕ್ಕೆ ಸುನಂದಾ ಕ್ಯಾಪ್ಟನ್. ಹುಡುಗರನ್ನು ಡ್ರಿಲ್ ಮೇಷ್ಟ್ರು ನೋಡಿಕೊಳ್ಳುತ್ತಿದ್ದಾರೆ. ನನ್ನನ್ನೂ ಕೈಬಿಟ್ಟಿಲ್ಲ. ದೊಡ್ಡನಾರಾಯಣಪ್ಪನವರೇ ಖುದ್ದಾಗಿ ಶಿಫಾರಸು ಮಾಡಿ ಒಂದು ಹುದ್ದೆ ಕೊಡಿಸಿದ್ದಾರೆ: ಪ್ರಥಮ ಚಿಕಿತ್ಸೆಯ ಪಾಠಕ್ಕೆ ಗಾಯಾಳು! ಪ್ರತಿ ಭಾನುವಾರ ಶಾಲೆಯ ಮೈದಾನದಲ್ಲಿ ಚಾಪೆಯ ಮೇಲೆ ಮಲಗುತ್ತೇನೆ. ಹುಡುಗಿಯರು ಸಂಭ್ರಮದಿಂದ ಅಡಿಯಿಂದ ಮುಡಿಯವರೆಗೆ ಸುತ್ತುತ್ತಾರೆ.

ಮೊನ್ನೆ ಮೂಗಿನ ಮೇಲೆ ನೊಣ ಕೂತಿತು. ಪಕ್ಕದಲ್ಲೇ ಸೀಟಿ ಹಿಡಿದು ಹಾದುಹೋಗುತ್ತಿದ್ದ ಕ್ಯಾಪ್ಟನ್ನಿಗೆ ಮೆಲ್ಲಗೆ ಹೇಳಿದೆ, "ಲೇ ಸುನಂದಾ, ಒಂದು ಕೈನಾದ್ರೂ ಬಿಚ್ಚಿಸು ಕಣೇ."

ಕ್ಯಾಪ್ಟನ್ ಮನಸ್ಸು ಕರಗಿತು. ಹುಡುಗಿಯರ ಕಡೆ ತಿರುಗಿ ಆಜ್ಞೆ ಮಾಡಿದಳು: "ಮಕ್ಕಳೇ, ಇವರ ಬಲಗೈ ಬಿಚ್ಚಿ. ಎಡಗೈಗೆ ಇನ್ನೊಂದು ಗಂಟು ಹಾಕಿ!"