ನಾನು, ನನ್ನ ಹೊಟ್ಟೆ ಮತ್ತು ಇಪ್ಪತ್ತೊಂದು ಗೇರು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಬರುವ ಒಂದೊಂದು ಮಾತೂ ಸತ್ಯ. ಮನೆದೇವರ ಮೇಲೆ ಆಣೆ ಇಡಿ ಅಂದರೆ ಇಡುತ್ತೇನೆ. ಬೆಳಗಿನ ಫಿಲ್ಟರ್ ಕಾಫಿ ಮೇಲೆ ಇಡಿ ಅಂದರೂ ಇಡುತ್ತೇನೆ, ಆದರೆ ಆಗ ಸ್ವಲ್ಪ ಯೋಚಿಸಿ ಇಡುತ್ತೇನೆ. ಜೆ.ಪಿ. ನಗರದಲ್ಲಿ ಸೈಕಲ್ ಇಟ್ಟುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಬೆಳಿಗ್ಗೆ ಹೋಗುತ್ತಾರೆ, ಬೆವರು ಸುರಿಸುತ್ತಾರೆ, ಮನೆಗೆ ಬಂದು ಸ್ನಾನ ಮಾಡುತ್ತಾರೆ. ಅವರಿಗೆ ಏನೂ ಆಗುವುದಿಲ್ಲ. ನಾನು ಗೇಟು ದಾಟಿದರೆ ಸಾಕು, ಏನಾದರೊಂದು ಆಗಿಯೇ ತೀರುತ್ತದೆ. ದೊಡ್ಡ ಸವಾರರ ಹಣೆಬರಹವೇ ಹಾಗೆ.

ಎಲ್ಲ ಶುರುವಾದದ್ದು ಡಾಕ್ಟರ ಹತ್ತಿರ. ಅವರು ರಿಪೋರ್ಟ್ ನೋಡಿದರು, ಆಮೇಲೆ ನನ್ನ ಅಂಗಿಯ ಗುಂಡಿಗಳು ಪಡುತ್ತಿದ್ದ ಕಷ್ಟ ನೋಡಿದರು. "ಶುಗರ್ ಬಾರ್ಡರ್‌ನಲ್ಲಿದೆ, ಹೊಟ್ಟೆ ಬಾರ್ಡರ್ ದಾಟಿದೆ. ಸೈಕಲ್ ತುಳೀರಿ" ಅಂದರು. ಅವತ್ತು ಸಂಜೆಯೇ ಕೆಂಪು ಬಣ್ಣದ, ಇಪ್ಪತ್ತೊಂದು ಗೇರಿನ ಸೈಕಲ್ ಮನೆ ಮುಂದೆ ನಿಂತಿತು. ನನಗಂತೂ ಮದುವೆಯ ದಿನ ಕೂಡ ಅಷ್ಟು ಖುಷಿಯಾಗಿರಲಿಲ್ಲ. ಇದನ್ನು ನನ್ನ ಹೆಂಡತಿಗೆ ಓದಿ ಹೇಳಬೇಡಿ.

ಅವಳು ಸೈಕಲ್ಲಿನ ಸುತ್ತ ಒಂದು ಸುತ್ತು ಬಂದು, "ಹೋದ ಸಲ ತಂದ ಟ್ರೆಡ್‌ಮಿಲ್ ಮೇಲೆ ಟವೆಲ್ ಒಣಗ್ತಿದೆ. ಇದರ ಮೇಲೆ ಏನು, ಬೆಡ್‌ಶೀಟಾ?" ಅಂದಳು.

"ಇಲ್ಲ ಕಣೇ, ಈ ಸಲ ತೂಕ ಇಳಿಸೇ ಇಳಿಸ್ತೀನಿ."

"ಸರಿ. ಆಯುಧ ಪೂಜೆ ಹೊತ್ತಿಗೆ ಐದು ಕೆಜಿ ಇಳೀಬೇಕು. ಇಳೀಲಿಲ್ವೋ, ಸೈಕಲ್ ನನ್ನ ತಮ್ಮನಿಗೆ."

ಅವಳ ತಮ್ಮ ಇಲ್ಲೇ ಹತ್ತಿರದ ಶ್ರೀನಗರದಲ್ಲಿರುತ್ತಾನೆ. ಈ ಮಾತು ಕಿವಿಗೆ ಬಿದ್ದ ದಿನದಿಂದ ಪ್ರತಿ ಭಾನುವಾರ ಬರತೊಡಗಿದ. ಬಂದವನು ನನ್ನ ಆರೋಗ್ಯ ವಿಚಾರಿಸುತ್ತಿರಲಿಲ್ಲ, ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ. "ಚೈನಿಗೆ ಎಣ್ಣೆ ಬಿಡ್ತಾ ಇರಿ ಭಾವ. ಹಾಳಾಗಬಾರದು ನೋಡಿ."

ಮಸಿಬಟ್ಟೆ

ಸೈಕಲ್ ಸವಾರರು ಹಾಕುವ ಚಡ್ಡಿಗೆ ಹಿಂದೆ ದಪ್ಪ ಮೆತ್ತೆ ಇರುತ್ತದೆ. ಸೀಟು ಒತ್ತದಿರಲಿ ಅಂತ. ನಾನೂ ಒಂದು ತಂದು, ಒಂದು ದಿನ ಹಾಕಿ, ಒಗೆಯಲು ಹಾಕಿದೆ. ಮಾರನೆಯ ಬೆಳಿಗ್ಗೆ ಎಲ್ಲಿ ಹುಡುಕಿದರೂ ಇಲ್ಲ. ಬೀರು, ಮಂಚದ ಕೆಳಗೆ, ಟೆರೇಸು, ಎಲ್ಲ ಆಯಿತು. ಕೊನೆಗೆ ಅಡುಗೆಮನೆಗೆ ಹೋದರೆ, ಹೆಂಡತಿ ಅದರಲ್ಲೇ ಕುದಿಯುವ ಸಾರಿನ ಪಾತ್ರೆ ಹಿಡಿದು ಇಳಿಸುತ್ತಿದ್ದಾಳೆ.

"ರೀ, ಇಷ್ಟು ಒಳ್ಳೇ ಮಸಿಬಟ್ಟೆ ಎಲ್ಲಿ ಸಿಕ್ತು ನಿಮಗೆ? ಇನ್ನೊಂದು ತನ್ನಿ, ತಮ್ಮನ ಮನೆಗೂ ಆಗುತ್ತೆ."

ಬಸ್ಸಿಗೆ ಸರಿಸಮ

ನಮ್ಮ ಮಹಡಿ ಮನೆಯಲ್ಲಿ ಹುಬ್ಬಳ್ಳಿಯ ಅಕೌಂಟೆಂಟ್ ಒಬ್ಬರು ಬಾಡಿಗೆಗಿದ್ದಾರೆ. ನನ್ನನ್ನು ನೋಡಿ ಅವರಿಗೂ ಹುರುಪು ಬಂದು, ಒಂದು ಹಳೇ ಸೈಕಲ್ ತಂದು ನನ್ನ ಜೊತೆ ಹೊರಡತೊಡಗಿದರು.

ನನ್ನ ಸೈಕಲ್ಲಿನಲ್ಲಿ ಒಂದೇ ತೊಂದರೆ ಇತ್ತು. ಅಂಗಡಿಯವನು, "ಸೀಟು ಎತ್ತರ ಇದ್ರೆ ಮೊಣಕಾಲಿಗೆ ಒಳ್ಳೇದು ಸಾರ್" ಅಂತ ಏರಿಸಿ ಕೊಟ್ಟಿದ್ದ. ಮೊಣಕಾಲಿಗೆ ಒಳ್ಳೆಯದೇ ಆಯಿತು, ಪಾದಕ್ಕೆ ಮಾತ್ರ ನೆಲ ಸಿಗಲಿಲ್ಲ. ಹೋಗುವುದಕ್ಕೆ ಅಡ್ಡಿಯಿಲ್ಲ, ನಿಲ್ಲುವುದೇ ಕಷ್ಟ. ಹಾಗಾಗಿ ನಿಲ್ಲಬೇಕಾದಾಗಲೆಲ್ಲ ಲೈಟ್ ಕಂಬ, ಪಾರ್ಕಿನ ಬೇಲಿ, ನಿಂತ ನೀರಿನ ಟ್ಯಾಂಕರು, ಹೀಗೆ ಏನಾದರೂ ಹಿಡಿದುಕೊಂಡು ನಿಲ್ಲುತ್ತಿದ್ದೆ.

ಒಂದು ದಿನ ಸಾರಕ್ಕಿ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಕಂಬವಿಲ್ಲ, ಬೇಲಿಯಿಲ್ಲ. ಪಕ್ಕದಲ್ಲಿ ಒಂದು ಬಸ್ಸು ನಿಂತಿತ್ತು. ಅದರ ಕಿಟಕಿಯ ಸರಳು ಹಿಡಿದೆ. ಆಹಾ, ಎಷ್ಟು ಆರಾಮ. ರಾಜಗಾಂಭೀರ್ಯದಿಂದ ಅತ್ತಿತ್ತ ನೋಡಿದೆ.

ಹಸಿರು ಬಿತ್ತು. ಬಸ್ಸು ಹೊರಟಿತು. ಕೈಬಿಟ್ಟರೆ ಬೀಳುತ್ತೇನೆ, ಆದ್ದರಿಂದ ಬಿಡಲಿಲ್ಲ. ಕನಕಪುರ ರಸ್ತೆಯಲ್ಲಿ ನಾನೂ ಬಸ್ಸೂ ಕೈಕೈ ಹಿಡಿದುಕೊಂಡು ಹೊರಟೆವು. ಗಾಳಿಗೆ ನನ್ನ ಕೆನ್ನೆಗಳು ಕಿವಿಯ ಹತ್ತಿರ ಹೋಗಿದ್ದವು. ಕಂಡಕ್ಟರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಎಲ್ಲಿಗೆ ಸಾರ್?"

ಭಯದಲ್ಲಿ ಬಾಯಿಗೆ ಬಂದದ್ದು ಹೇಳಿದೆ. "ಜರಗನಹಳ್ಳಿ."

"ಟಿಕೆಟ್ ತಗೊಳ್ಳಿ."

"ನಾನು ಒಳಗೇ ಬಂದಿಲ್ವಲ್ಲಪ್ಪ."

"ಫುಟ್‌ಬೋರ್ಡ್‌ನಲ್ಲಿ ನೇತಾಡೋರೂ ಹಿಂಗೇ ಅಂತಾರೆ. ಸೈಕಲ್ಲಿಗೆ ಲಗೇಜ್ ಬೇರೆ ಆಗುತ್ತೆ."

ಜರಗನಹಳ್ಳಿ ಸ್ಟಾಪಿನಲ್ಲಿ ಬಸ್ಸು ನಿಂತಿತು, ನಾನೂ ನಿಂತೆ. ತುಂಬಾ ಹೊತ್ತಿನ ಮೇಲೆ ಅಕೌಂಟೆಂಟರು ಏದುಸಿರು ಬಿಡುತ್ತಾ ಬಂದರು. ದೂರದಿಂದ ನೋಡಿದ್ದ ಅವರಿಗೆ ನನ್ನ ಕೈ ಎಲ್ಲಿತ್ತು ಅನ್ನುವುದು ಕಂಡಿರಲಿಲ್ಲ. ಸಂಜೆ ಇಡೀ ಬೀದಿಗೆ ಸಾರಿದರು: "ಸರ ಇವತ್ತ ಬಸ್ಸಿಗೆ ಸರಿಸಮ ಹೊಡದ್ರು ನೋಡ್ರಿ. ಪೆಡಲ್ ತುಳಿಯೂದು ಸೈತ ಕಾಣಲಿಲ್ಲ, ಅಷ್ಟು ಜೋರು."

ಪಂಕ್ಚರ್

ನಮ್ಮ ಕಡೆ ಸೈಕಲ್ ಸವಾರಿಗೆ ಒಂದು ಪದ್ಧತಿ ಇದೆ. ಎಲ್ಲಿಂದ ಹೊರಟರೂ ಅದು ಹೋಟೆಲ್ ಮುಂದೆಯೇ ಮುಗಿಯಬೇಕು. ಬೆಳಿಗ್ಗೆ ಏಳು ಗಂಟೆಗೆ ಜಯನಗರದ ಯಾವ ದರ್ಶಿನಿಗಾದರೂ ಹೋಗಿ ನೋಡಿ, ಹೊರಗೆ ಸೈಕಲ್ಲುಗಳ ಸಾಲು, ಒಳಗೆ ಹೆಲ್ಮೆಟ್ಟುಗಳ ಸಾಲು. ನಾವಿಬ್ಬರೂ ಪದ್ಧತಿ ಮುರಿಯುವ ಜಾತಿಯವರಲ್ಲ.

ಲೆಕ್ಕವೆಲ್ಲ ಅಕೌಂಟೆಂಟರದೇ. "ಸರ, ಈಗ ನಾವು ಸುಟ್ಟಿದ್ದು ಎರಡ ಇಡ್ಲಿ, ಒಂದ ವಡಾ. ಅಷ್ಟ ತಿಂದ್ರ ಲೆಕ್ಕ ಸಮ."

"ಮತ್ತೆ ಈ ಮಸಾಲೆ ದೋಸೆ?"

"ಅದು ನಾಳಿನ ಸವಾರಿಗೆ ಅಡ್ವಾನ್ಸ್ ರೀ."

ಹೀಗೆ ಒಂದು ದಿನ ಮುಂದಿನ ವಾರದ ಅಡ್ವಾನ್ಸ್ ತಿನ್ನುತ್ತಾ ನಿಂತಿದ್ದಾಗ ಫೋನ್ ಬಂತು. ನಾನು ಎಲ್ಲೆಲ್ಲಿ ಹೋಗುತ್ತೇನೆ ಅಂತ ತೋರಿಸುವ ವ್ಯವಸ್ಥೆಯೊಂದನ್ನು ಹೆಂಡತಿ ತನ್ನ ಮೊಬೈಲಿನಲ್ಲಿ ಮಾಡಿಸಿಕೊಂಡಿದ್ದಳು. ದಾರಿಯಲ್ಲಿ ಹೆಚ್ಚುಕಮ್ಮಿ ಆದರೆ ಗೊತ್ತಾಗಲಿ ಅಂತ.

"ರೀ, ಆಗಿನಿಂದ ನೋಡ್ತಿದ್ದೀನಿ, ಒಂದೇ ಕಡೆ ನಿಂತಿದ್ದೀರಲ್ಲ. ಏನಾಯ್ತು?"

ಬಾಯಲ್ಲಿದ್ದ ತುತ್ತನ್ನು ಕೆನ್ನೆಗೆ ತಳ್ಳಿ, "ಪಂಕ್ಚರ್ ಆಗಿದೆ ಕಣೇ" ಅಂದೆ.

"ಅಯ್ಯೋ ಪಾಪ. ಇಬ್ಬರದೂನಾ?"

"ಹ್ಞೂಂ, ಇಬ್ಬರದೂ."

"ಸರಿ ಹಂಗಾದ್ರೆ. ಬರ್ತಾ ನನಗೂ ಒಂದು ಮಸಾಲೆ ಪಂಕ್ಚರ್ ಪಾರ್ಸಲ್ ಕಟ್ಟಿಸ್ಕೊಂಡು ಬನ್ನಿ. ಚಟ್ನಿ ಜಾಸ್ತಿ ಹಾಕಿಸಿ."

ಸಾಣೆ

ಆ ತಿಂಗಳು ತೂಕ ನೋಡಿಕೊಂಡರೆ ಒಂದು ಕೆಜಿ ಏರಿತ್ತು. ಭಾವಮೈದುನ ಸೈಕಲ್ಲಿಗೆ ಹೊಸ ಗಂಟೆ ತಂದು ತಾನೇ ಹಾಕಿಕೊಟ್ಟು ಹೋದ. ಅವನ ಆ ಪ್ರೀತಿ ನೋಡಿ ನನ್ನ ಎದೆ ಝಲ್ಲೆಂದಿತು. ಹೋಟೆಲ್ ತಿಂಡಿ ಬಂದ್ ಮಾಡಿದೆ. ಅಷ್ಟರಲ್ಲಿ ಮಳೆ ಹಿಡಿಯಿತು. ರಸ್ತೆಯಲ್ಲಿ ಗುಂಡಿ ಯಾವುದು, ಕೆರೆ ಯಾವುದು ಅಂತ ಗೊತ್ತಾಗದ ಹಾಗಾಯಿತು. ನಾನು ಸೋಲುವ ಆಸಾಮಿಯೇ? ಹಿಂದಿನ ಚಕ್ರ ನೆಲಕ್ಕೆ ತಾಗದ ಹಾಗೆ ಎತ್ತಿ ಹಿಡಿಯುವ ಸ್ಟ್ಯಾಂಡ್ ತಂದೆ. ಗೇಟಿನ ಪಕ್ಕ ಶೀಟಿನ ಕೆಳಗೆ ಸೈಕಲ್ ನಿಲ್ಲಿಸಿ, ನಿಂತಲ್ಲೇ ತುಳಿಯತೊಡಗಿದೆ. ಚಕ್ರ ಗಿರ್ರೆಂದು ತಿರುಗುತ್ತಿತ್ತು, ಬೆವರು ಧಾರಾಕಾರ.

ಪಕ್ಕದ ಬೀದಿಗೆ ಹೊಸದಾಗಿ ಬಂದಿದ್ದ ಅಜ್ಜಿಯೊಬ್ಬರು ಕೊಡೆ ಹಿಡಿದು ಹೋಗುತ್ತಿದ್ದವರು ನಿಂತು ನೋಡಿದರು. ಸರಸರ ಮನೆ ಕಡೆ ಹೋದರು. ಸ್ವಲ್ಪ ಹೊತ್ತಿಗೆ ವಾಪಸ್ ಬಂದರು. ಕೈಯಲ್ಲಿ ಎರಡು ಚಾಕು, ಒಂದು ಕತ್ತರಿ, ಕಂಕುಳಲ್ಲಿ ಈಳಿಗೆಮಣೆ.

"ಚೆನ್ನಾಗಿ ಸಾಣೆ ಹಿಡಿದು ಕೊಡಪ್ಪ. ಟೊಮೇಟೊನೂ ಕುಯ್ಯಲ್ಲ ಅನ್ನುತ್ತೆ."

ನಿಂತಲ್ಲೇ ಸೈಕಲ್ ತುಳಿದು ಸಾಣೆ ಹಿಡಿಯುವವರು ನಮ್ಮ ಬೀದಿಗೆ ಬರುತ್ತಾರೆ, ನಿಜ. ಆದರೆ ಅವರು ಹೆಲ್ಮೆಟ್ ಹಾಕುತ್ತಾರೆಯೇ?

"ಅಜ್ಜಿ, ನಾನು ಸಾಣೆಯವನಲ್ಲ. ಈ ಮನೆ ಓನರ್ರು."

"ಮತ್ತೆ ಯಾಕಪ್ಪ ತುಳೀತಿದ್ದೀಯ?"

"ತೂಕ ಇಳಿಸೋಕೆ."

ಅಜ್ಜಿ ನನ್ನ ಹೊಟ್ಟೆಯನ್ನೂ ತಿರುಗುವ ಚಕ್ರವನ್ನೂ ಒಂದೊಂದು ಸಲ ನೋಡಿದರು. "ಹೆಂಗೂ ತುಳೀತಾನೇ ಇದ್ದೀಯ. ಪಕ್ಕದಲ್ಲೊಂದು ಸಾಣೆಕಲ್ಲು ಕಟ್ಕೊಂಡ್ರೆ ನಿನ್ನ ಗಂಟೇನು ಹೋಗುತ್ತೆ?"

ಆಯುಧ ಪೂಜೆ

ಅಂತೂ ಆ ದಿನ ಬಂತು. ಬೆಳಿಗ್ಗೆ ಎದ್ದು ಸೈಕಲ್ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹ್ಯಾಂಡಲ್ಲಿನ ಎರಡೂ ಕಡೆ ನನ್ನೆತ್ತರದ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿದೆ. ಪೂಜೆಗೆ ಮುಂಚೆಯೇ ಭಾವಮೈದುನ ಸ್ಕೂಟರಿನಲ್ಲಿ ಬಂದಿಳಿದ. ಅವನ ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ತೂಕದ ಮಿಷಿನ್.

"ನಿಮ್ಮನೇದು ಸರಿ ಇದೆಯೋ ಇಲ್ವೋ ಅಂತ ನಂದೇ ತಂದೆ ಭಾವ." ಮಿಷಿನ್ ಪ್ರಾಮಾಣಿಕ ಅಂತ ತೋರಿಸಲು ಮೊದಲು ತಾನೇ ಹತ್ತಿ, ಅಕ್ಕನಿಗೆ ಅಂಕಿ ತೋರಿಸಿ ಇಳಿದ. ಆಮೇಲೆ ನನ್ನ ಸರದಿ. ವಾಚ್ ಬಿಚ್ಚಿದೆ, ಉಂಗುರ ತೆಗೆದೆ, ಕನ್ನಡಕ ತೆಗೆದೆ, ಒಳಗಿದ್ದ ಉಸಿರನ್ನೆಲ್ಲ ಹೊರಗೆ ಬಿಟ್ಟು ಹತ್ತಿದೆ. ಕನ್ನಡಕವಿಲ್ಲದ ಕಣ್ಣಿಗೆ ಅಂಕಿ ಬಹಳ ಚೆನ್ನಾಗಿಯೇ ಕಂಡಿತು. ಹೆಂಡತಿ ಬಗ್ಗಿ ಓದಿದಳು.

"ಇಳಿದಿರೋದು ನಾಲ್ಕು ಮುಕ್ಕಾಲು ಕೆಜಿ. ಇನ್ನೂ ಕಾಲು ಕೆಜಿ ಬಾಕಿ."

"ಹಬ್ಬದ ದಿನ ಕಾಲು ಕೆಜಿ ಬಿಡಬಾರದೇನೇ?"

"ಕಾಲು ಕೆಜಿ ಮೈಸೂರುಪಾಕು ತಗೊಂಡ್ರೆ ಎರಡು ಸಲ ತೂಗಿಸ್ತೀರಲ್ಲ, ಆಗ ನೀವು ಬಿಡ್ತೀರಾ?"

ಮಿಷಿನ್ನಿಂದ ಇಳಿದೆ. ಬೂದುಗುಂಬಳಕಾಯಿ ಒಡೆದೆ, ನನ್ನ ಎದೆಯೂ ಅದರ ಜೊತೆ ಒಡೆಯಿತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಮಂಗಳಾರತಿ ಮಾಡುವಾಗ ಹೆಣ್ಣು ಒಪ್ಪಿಸಿಕೊಡುವ ತಂದೆಯ ಹಾಗೆ ಕಣ್ಣು ತುಂಬಿತು. ಭಾವಮೈದುನ ಮದುಮಗನ ಹಾಗೆ ಸೀಟಿನ ಮೇಲೆ ಕೂತ. "ಸ್ಕೂಟರ್ ನಾಳೆ ಬಂದು ತಗೊಂಡ್ ಹೋಗ್ತೀನಿ. ಅಕ್ಕಾ, ಈ ಬಾಳೆಕಂದು ಬಿಚ್ಚಿಬಿಡ್ಲಾ?"

"ಪೂಜೆ ಆದ ದಿನ ಬಿಚ್ಚಬಾರದು ಕಣೋ. ಹಂಗೇ ಹೋಗು."

ನಿಂಬೆಹಣ್ಣು ಚಪ್ಪಟೆಯಾಯಿತು, ಸೈಕಲ್ ಹೊರಟಿತು. ನಾನು, ಹೆಂಡತಿ, ಮಹಡಿಯ ಅಕೌಂಟೆಂಟರು ಗೇಟಿನಲ್ಲಿ ನಿಂತು ನೋಡುತ್ತಿದ್ದೆವು. ಬೀದಿಯ ಕೊನೆಯಲ್ಲಿ ಒಂದು ಹಸು ಹಬ್ಬದ ಕಸದಲ್ಲಿ ಒಣಗಿದ ಎಲೆ ಹುಡುಕುತ್ತಿತ್ತು. ತಲೆ ಎತ್ತಿತು. ಎರಡು ಹಸಿ ಬಾಳೆಗಿಡಗಳು ತಾವಾಗಿಯೇ ಗಂಟೆ ಬಾರಿಸಿಕೊಂಡು ತನ್ನ ಕಡೆ ಬರುತ್ತಿವೆ. ಊಟ ಹೀಗೆ ಕರೆಯಲು ಬಂದದ್ದನ್ನು ಅದು ಜನ್ಮದಲ್ಲಿ ನೋಡಿರಲಿಲ್ಲ. ಹೊರಟೇಬಿಟ್ಟಿತು.

ಭಾವಮೈದುನ ಎಡಕ್ಕೆ ತಿರುಗಿದ, ಹಸುವೂ ತಿರುಗಿತು. ನಮ್ಮ ಬ್ಲಾಕು ಚೌಕಾಕಾರ. ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆಯಿಂದ ಇಬ್ಬರೂ ನಮ್ಮ ಗೇಟಿನ ಮುಂದೆಯೇ ಹಾದುಹೋದರು.

"ಭಾವಾ, ಹಸು."

"ಕಾಣಿಸ್ತಿದೆ. ಗೇರ್ ಬದಲಾಯಿಸು."

"ಯಾವುದಕ್ಕೆ?"

"ಇಪ್ಪತ್ತೊಂದಿದೆ, ಯಾವುದಕ್ಕಾದ್ರೂ ಹಾಕು."

ಎರಡನೇ ಸುತ್ತಿಗೆ ಇಡೀ ಬೀದಿ ಕಾಂಪೌಂಡಿನ ಮೇಲಿತ್ತು. ಬಾಳೆ ಎಲೆಗಳು ರೆಕ್ಕೆಯ ಹಾಗೆ ಹಾರುತ್ತಿದ್ದವು. ನಾನು ಕೂಗಿದೆ: "ಆ ಕಂದು ಕಿತ್ತು ಬಿಸಾಕೋ."

"ಅಕ್ಕ ಬಿಚ್ಚಬಾರದು ಅಂದಿದ್ದಾಳೆ ಭಾವಾ."

ಎಂಥಾ ಒಡಹುಟ್ಟಿದವನು ನೋಡಿ. ಅಕೌಂಟೆಂಟರು ಫೋನಿನಲ್ಲಿ ಟೈಮ್ ನೋಡುತ್ತಾ ಮೆಲ್ಲಗೆ ಅಂದರು, "ಸರ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ರೆಕಾರ್ಡ್ ಹೋತು."

ಮೂರನೇ ಸುತ್ತಿಗೆ ಅವನು ನಮ್ಮ ಎದುರು ಮನೆಯವರು ಸುರಿಸಿದ್ದ ಮರಳಿನ ರಾಶಿಗೆ ನುಗ್ಗಿ, ಸೈಕಲ್ ಅಲ್ಲೇ ಬಿಟ್ಟು ಕಾಂಪೌಂಡ್ ಹತ್ತಿದ. ಹಸು ನಿಧಾನವಾಗಿ ಬಲಗಡೆಯ ಕಂದು ತಿಂದಿತು, ಎಡಗಡೆಯದೂ ತಿಂದಿತು, ಕೊನೆಗೆ ಚೆಂಡುಹೂವಿನ ಹಾರ ತಿಂದು ಬಾಯಿ ಚಪ್ಪರಿಸಿಕೊಂಡು ಹೋಯಿತು.

ಭಾವಮೈದುನ ಇಳಿದು ಬಂದ. ಬೆವರಿಗೆ ಅಂಗಿ ಒದ್ದೆ, ಮೈತುಂಬಾ ಮರಳು. "ಭಾವ, ನಿಮ್ಮ ಸೈಕಲ್ ನಿಮಗೇ ಇರಲಿ. ನನಗೆ ಸ್ಕೂಟರ್ ಸಾಕು."

ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ಆದರೆ ಹೆಂಡತಿ ಏನೋ ಯೋಚಿಸುತ್ತಿದ್ದಳು. "ಲೋ, ಮರಳು ಕೊಡವಿಕೊಂಡು ಮಿಷಿನ್ ಮೇಲೆ ಹತ್ತು" ಅಂದಳು. ಹತ್ತಿದ. ಬಗ್ಗಿ ನೋಡಿದಳು. ಬೆಳಿಗ್ಗೆ ಇದ್ದದ್ದಕ್ಕಿಂತ ಸರಿಯಾಗಿ ಕಾಲು ಕೆಜಿ ಕಮ್ಮಿ.

ಅವಳು ನಿಧಾನವಾಗಿ ನನ್ನ ಕಡೆ ತಿರುಗಿದಳು. "ಸೈಕಲ್ ಇಟ್ಕೊಳ್ಳಿ. ಆದರೆ ನಾಳೆಯಿಂದ ಬಾಳೆಕಂದು ಕಟ್ಕೊಂಡೇ ಹೋಗ್ಬೇಕು."

ಇಷ್ಟೂ ನಡೆದದ್ದೇ. ಒಂದೇ ಒಂದು ಸಣ್ಣ ವಿಷಯದಲ್ಲಿ ಮಾತ್ರ ಸ್ವಲ್ಪ ಉಪ್ಪುಖಾರ ಸೇರಿಸಿದ್ದೇನೆ. ಹಸು ಅಂದೆನಲ್ಲ, ಅದು ಹಸುವಲ್ಲ. ಭಾವಮೈದುನ ಈಗ ಶ್ರೀನಗರದಲ್ಲೆಲ್ಲ ಅದನ್ನು ಗೂಳಿ ಅಂತ ಹೇಳಿಕೊಂಡು ತಿರುಗುತ್ತಿದ್ದಾನಂತೆ, ಅದೂ ಅಲ್ಲ. ಅದೊಂದು ಕರು. ಇನ್ನೂ ಕೊಂಬು ಮೊಳೆತಿರಲಿಲ್ಲ.